ಸಾವಿರ ಡಾಲರಿನ ಪಟ್ಟರ್, ಟೂಲ್‌ರೂಮಿನ ಅಳತೆಯಲ್ಲಿ

ಪೆಟ್ಟಿಗೆ ಬಿಚ್ಚಿದ ಕೂಡಲೇ ಮಾಡಿದ ಮೊದಲ ಕೆಲಸ ಅಳತೆ ತೆಗೆದದ್ದು. ಕ್ಯಾಲಿಫೋರ್ನಿಯಾದ ಕಾರ್ಲ್ಸ್‌ಬ್ಯಾಡಿನಲ್ಲಿರುವ ಮಗಳ ಮನೆಯ ಅಡುಗೆಕಟ್ಟೆ ಗ್ರಾನೈಟಿನದು. ಟೂಲ್‌ರೂಮಿನ ಸರ್ಫೇಸ್ ಪ್ಲೇಟಿನಷ್ಟು ಸಮತಟ್ಟಿಲ್ಲದಿದ್ದರೂ ಇಂಥ ಕೆಲಸಕ್ಕೆ ಸಾಕು. ಮಸಾಲೆ ಡಬ್ಬಿಗಳನ್ನು ಪಕ್ಕಕ್ಕೆ ಸರಿಸಿ, ಒರೆಸಿ, ಪಟ್ಟರನ್ನು, ಅಂದರೆ ಗಾಲ್ಫಿನಲ್ಲಿ ಚೆಂಡನ್ನು ಕುಳಿಯತ್ತ ಉರುಳಿಸುವ ಕೋಲನ್ನು, ಅದರ ಮೇಲೆ ನಿಲ್ಲಿಸಿದೆ. ಉದ್ದ 33 ಇಂಚು ಹೇಳಿದ್ದೆ, 33 ಇಂಚೇ ಇತ್ತು. ಲಾಫ್ಟ್, ಅಂದರೆ ಚೆಂಡಿಗೆ ತಾಗುವ ಮುಖದ ಹಿಂದೊರಗು, 4 ಡಿಗ್ರಿ, ಅದೂ ಸರಿ. ಲೈ, ಅಂದರೆ ನೆಲಕ್ಕೂ ಶಾಫ್ಟಿಗೂ (ಹಿಡಿಯುವ ಉದ್ದ ಕೋಲಿಗೂ) ನಡುವಿನ ಕೋನ, 70 ಡಿಗ್ರಿ ಕೇಳಿದ್ದೆ, 69 ಬಂದಿತ್ತು. ಎಂಟು ತಿಂಗಳು ಕಾದು, 1,150 ಡಾಲರ್ ಕೊಟ್ಟು ಮಾಡಿಸಿಕೊಂಡ ವಸ್ತುವಿನಲ್ಲಿ ಒಂದು ಡಿಗ್ರಿ ತಪ್ಪು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಾನು ರಾಜಾಜಿನಗರದ ಜಿಟಿಟಿಸಿಯಲ್ಲಿ (ಸರ್ಕಾರಿ ಟೂಲ್‌ರೂಮ್ ಮತ್ತು ತರಬೇತಿ ಕೇಂದ್ರ) ಕಲಿತು, ಪೀಣ್ಯದಲ್ಲಿ ಮೂವತ್ತನಾಲ್ಕು ವರ್ಷ ಡೈ ಮತ್ತು ಮೌಲ್ಡ್ ಮಾಡಿದವನು. ನಿವೃತ್ತಿಯ ನಂತರ ಮೈಸೂರಿಗೆ ಬಂದು ನೆಲೆಸಿದ ಮೇಲೆ ಗಾಲ್ಫ್ ಹಿಡಿದದ್ದು. ದೂರ ಹೊಡೆಯುವ ತೋಳು ಈ ವಯಸ್ಸಿನಲ್ಲಿ ಬರುವುದಿಲ್ಲ. ಆದರೆ ಗ್ರೀನಿನ ಮೇಲೆ, ಅಂದರೆ ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಮೇಲೆ, ಚೆಂಡನ್ನು ಉರುಳಿಸಿ ಕುಳಿಗೆ ಬೀಳಿಸುವ ಕೆಲಸಕ್ಕೆ ತೋಳ್ಬಲ ಬೇಕಿಲ್ಲ. ಕಣ್ಣು, ಕೈ, ತಾಳ್ಮೆ ಸಾಕು. ಫಿಟ್ಟರ್ ಆಗಿದ್ದವನಿಗೆ ಆ ಮೂರೂ ಉಳಿದಿರುತ್ತವೆ. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸಿನಲ್ಲಿ ತನಗಿಂತ ಬಹಳ ದೂರ ಹೊಡೆಯುವವರ ನಡುವೆ ನಿಂತು, ಒಂದೇ ಒಂದು ಹೊಡೆತದಿಂದ ಕಂಚು ತಪ್ಪಿಸಿಕೊಂಡು ನಾಲ್ಕನೆಯವರಾದರು. ಅವರನ್ನು ಅಲ್ಲಿಯವರೆಗೆ ಒಯ್ದದ್ದು ಪಟ್ಟರ್. ಆ ಶನಿವಾರ ಬೆಳಗ್ಗೆ ಟಿ.ವಿ. ಮುಂದೆ ಕುಳಿತಾಗಲೇ, ಈ ಒಂದು ಉಪಕರಣದ ವಿಷಯದಲ್ಲಿ ಮಾತ್ರ ಜಿಪುಣತನ ಮಾಡಬಾರದು ಎಂದು ತೀರ್ಮಾನಿಸಿದ್ದೆ.

ನನ್ನ ಎತ್ತರ ಐದು ಅಡಿ ನಾಲ್ಕು ಇಂಚು. ಅಂಗಡಿಯಲ್ಲಿ ಸಿಗುವ 34 ಅಥವಾ 35 ಇಂಚಿನ ಪಟ್ಟರ್ ಹಿಡಿದರೆ ಮೊಣಕೈ ಹೊರಗೆ ಚಾಚುತ್ತದೆ. ಶಾಫ್ಟನ್ನು ಕತ್ತರಿಸಿದರೆ ಉದ್ದ ಸರಿಹೋಗುತ್ತದೆ, ಆದರೆ ಹೆಡ್, ಅಂದರೆ ಚೆಂಡಿಗೆ ತಾಗುವ ಕೆಳತುದಿಯ ಲೋಹ, ಹಗುರ ಎನಿಸತೊಡಗುತ್ತದೆ. ಗಿಡ್ಡ ಶಾಫ್ಟಿಗೆ ಭಾರದ ಹೆಡ್ ಬೇಕು; 35 ಇಂಚಿಗೆ 340 ಗ್ರಾಂ ಇದ್ದರೆ, 33ಕ್ಕೆ 360ರ ಆಸುಪಾಸು. ಜೊತೆಗೆ ನಾವು ಮೈಸೂರಿನಲ್ಲಿ ಆಡುವ ಹುಲ್ಲು, ಟಿ.ವಿ.ಯಲ್ಲಿ ಕಾಣುವ ಗಾಜಿನಂಥ ಗ್ರೀನುಗಳ ಹುಲ್ಲಲ್ಲ. ಮಳೆಗಾಲದಲ್ಲಿ ಚೆಂಡು ತನ್ನ ಭಾರಕ್ಕೇ ಹುಲ್ಲಿನಲ್ಲಿ ಸ್ವಲ್ಪ ಹೂತು ಕೂರುತ್ತದೆ. ಅದನ್ನು ಆ ತಗ್ಗಿನಿಂದ ಮೆಲ್ಲಗೆ ಎತ್ತಿ ಉರುಳಿಸಲು ಒಂದಿಷ್ಟು ಹೆಚ್ಚಿನ ಲಾಫ್ಟ್ ಬೇಕು. ಇವೆಲ್ಲ ಒಂದೇ ಪಟ್ಟರಿನಲ್ಲಿ ಬೇಕೆಂದರೆ ಮಾಡಿಸಿಕೊಳ್ಳುವುದೇ ದಾರಿ.

ಮಾಡಿಸಿಕೊಳ್ಳಲು ಹೊರಟಾಗ ತಿಳಿದದ್ದು, ಆ ಲೋಕದಲ್ಲಿ ಆಡುವವನಿಗಿಂತ ಕೂಡಿಡುವವನಿಗೇ ಹೆಚ್ಚು ಮರ್ಯಾದೆ ಎಂಬುದು. ಹೊಸ ಪಟ್ಟರುಗಳಿಗೆ ಚಿನ್ನದ ಬಣ್ಣದ ಲೇಪ, ಗ್ಯಾಸ್ ಜ್ವಾಲೆಯಲ್ಲಿ ಕಾಯಿಸಿ ತೆಗೆದ ನವಿಲುಗರಿಯ ಬಣ್ಣ, ತಲೆಬುರುಡೆಯ ಕೆತ್ತನೆ. ಆಡದೆ, ಪ್ಲಾಸ್ಟಿಕ್ ಬಿಚ್ಚದೆ ಇಟ್ಟರೆ ಬೆಲೆ ಏರುತ್ತದೆ. ಟೈಗರ್ ವುಡ್ಸ್‌ಗಾಗಿ ಬದಲಿಯಾಗಿ ಹೆಸರಾಂತ ತಯಾರಕ ಸ್ಕಾಟಿ ಕ್ಯಾಮೆರಾನ್ ಮಾಡಿಟ್ಟಿದ್ದ ಒಂದು ಪಟ್ಟರ್ ಹರಾಜಿನಲ್ಲಿ 3 ಲಕ್ಷ 93 ಸಾವಿರ ಡಾಲರಿಗೆ ಹೋಗಿದೆ. ವುಡ್ಸ್ ಗೆದ್ದ 15 ಮೇಜರ್‌ಗಳಲ್ಲಿ, ಅಂದರೆ ಗಾಲ್ಫಿನ ಅತಿ ದೊಡ್ಡ ಪಂದ್ಯಾವಳಿಗಳಲ್ಲಿ, 14ನ್ನು ಗೆದ್ದುಕೊಟ್ಟದ್ದು ಅದರ ಜೋಡಿಯಾದ ಇನ್ನೊಂದು. 2008ರ ಯು.ಎಸ್. ಓಪನ್‌ನ ನಾಲ್ಕನೇ ದಿನದ ಕೊನೆಯ ಕುಳಿಯಲ್ಲಿ, ಉಬ್ಬುತಗ್ಗಾದ ಹುಲ್ಲಿನ ಮೇಲೆ ಹನ್ನೆರಡು ಅಡಿಯಿಂದ ಅವರ ಚೆಂಡು ಕುಪ್ಪಳಿಸುತ್ತಾ ಹೋಗಿ ಒಳಗೆ ಬಿದ್ದ ದೃಶ್ಯ ಗಾಲ್ಫ್ ನೋಡುವವರಿಗೆಲ್ಲ ನೆನಪಿದೆ. ಅದು ನಡೆದ ಟೋರಿ ಪೈನ್ಸ್ ಮಗಳ ಮನೆಯಿಂದ ಬಹಳ ದೂರವಿಲ್ಲ, ನಗರಸಭೆಯ ಮೈದಾನ. ಒಂದು ಸಂಜೆ ಹೋಗಿ ಆ ಹದಿನೆಂಟನೇ ಗ್ರೀನಿನ ಪಕ್ಕದಲ್ಲಿ ಸುಮ್ಮನೆ ನಿಂತು ಬಂದೆ.

ಇಷ್ಟೆಲ್ಲ ಹಣ ಓಡಾಡುವ ಈ ಆಕಾರದ ಮೂಲ ಬಹಳ ಸರಳ. ನಾರ್ವೆಯಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಕಾರ್ಸ್ಟನ್ ಸೋಲ್‌ಹೈಮ್ ಎಂಬ ಎಂಜಿನಿಯರ್ ಮೊದಲು ಚಪ್ಪಲಿ ಹೊಲಿದವರು, ಆಮೇಲೆ ಜನರಲ್ ಎಲೆಕ್ಟ್ರಿಕ್‌ನಲ್ಲಿ ದುಡಿದವರು. ಚೆಂಡು ನಟ್ಟನಡುವೆ ತಾಗದಿದ್ದರೂ ಪಟ್ಟರಿನ ಮುಖ ತಿರುಚಿಕೊಳ್ಳಬಾರದು ಎಂದು ಅವರು ತೂಕವನ್ನು ಮಧ್ಯದಿಂದ ತೆಗೆದು ಎರಡು ತುದಿಗಳಿಗೆ ಹಾಕಿದರು. ಹೆಗಲ ಮೇಲೆ ಅಡ್ಡೆ ಹೊತ್ತು ನಡೆಯುವವನನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ: ಎರಡು ತುದಿಯಲ್ಲಿ ಭಾರವಿದ್ದರೆ ಅಡ್ಡೆ ಸುಲಭವಾಗಿ ತಿರುಗುವುದಿಲ್ಲ. 1966ರಲ್ಲಿ ಅವರು ಗ್ರಾಮಫೋನ್ ತಟ್ಟೆಯ ಕಾಗದದ ಕವಚದ ಮೇಲೆ ಗೀಚಿದ ಚಿತ್ರವೇ ಪಿಂಗ್ ಆನ್ಸರ್. ಇಂದು ಸಾವಿರ ಡಾಲರಿಗೆ ಮಾರುವ ಬ್ಲೇಡ್ ಪಟ್ಟರುಗಳಲ್ಲಿ (ತೆಳು ಹೆಡ್ಡಿನವುಗಳಲ್ಲಿ) ಹೆಚ್ಚಿನವು ಆ ಗೀಚಿನ ಮೊಮ್ಮಕ್ಕಳು.

ಮೊದಲು ಹೋದದ್ದು ಎನ್ಸಿನಿಟಾಸಿನ ಸ್ಕಾಟಿ ಕ್ಯಾಮೆರಾನ್ ಗ್ಯಾಲರಿಗೆ. 1993ರಲ್ಲಿ ಬರ್ನ್‌ಹಾರ್ಡ್ ಲ್ಯಾಂಗರ್ ಮಾಸ್ಟರ್ಸ್ ಗೆದ್ದಾಗ ಕೈಯಲ್ಲಿದ್ದದ್ದು ಕ್ಯಾಮೆರಾನ್ ಪಟ್ಟರ್; ಹೆಸರು ಬೆಳೆದದ್ದು ಅಲ್ಲಿಂದ. ಒಡವೆ ಅಂಗಡಿಯ ಅಚ್ಚುಕಟ್ಟುತನ ಅಲ್ಲಿದೆ. ಮೊದಲೇ ಸಮಯ ಗೊತ್ತುಮಾಡಿಕೊಂಡು ಹೋದರೆ ಕ್ಯಾಮೆರಾಗಳ ಮುಂದೆ ನಿಮ್ಮ ಹೊಡೆತವನ್ನು ನೋಡಿ ಅಳತೆ ಹೇಳುತ್ತಾರೆ. ನನ್ನ ಹೊಡೆತ ನೇರವಾಗಿ ಹೋಗಿಬರುವುದಿಲ್ಲ, ಬಾಗಿಲು ತೆರೆದು ಮುಚ್ಚಿದಂತೆ ಸಣ್ಣ ಕಮಾನಿನಲ್ಲಿ ಚಲಿಸುತ್ತದೆ ಎಂದು ಖಚಿತವಾದದ್ದು ಅಲ್ಲಿ. ಅಂಥವರಿಗೆ, ಶಾಫ್ಟನ್ನು ಬೆರಳಿನ ಮೇಲೆ ಅಡ್ಡ ಇಟ್ಟು ತೂಗಿದಾಗ ಹೆಡ್ಡಿನ ತುದಿ ಕೆಳಗೆ ವಾಲುವ ಪಟ್ಟರ್ ಹೊಂದುತ್ತದೆ. ಈ ಒಂದು ಗಂಟೆಗೆ ಕೊಟ್ಟ ಹಣ ಇಡೀ ಖರ್ಚಿನಲ್ಲಿ ಅತ್ಯಂತ ಸಾರ್ಥಕವಾದದ್ದು ಎಂದು ನನ್ನ ದೃಢ ಅಭಿಪ್ರಾಯ. ಪಟ್ಟರ್ ಮಾತ್ರ ಅಲ್ಲಿ ಕೊಳ್ಳಲಿಲ್ಲ. ನನಗೆ ಬೇಕಿದ್ದದ್ದು ಕಾರ್ಬನ್ ಸ್ಟೀಲಿನದು, ಯಾವ ಅಲಂಕಾರವೂ ಇಲ್ಲದ್ದು.

ಆಮೇಲೆ ಒಬ್ಬ ಸಣ್ಣ ತಯಾರಕನ ಮಾರಾಟಕ್ಕೆ ಕಾದೆವು. ಅವರು ತಿಂಗಳಿಗೊಮ್ಮೆ, ಗೊತ್ತಾದ ನಿಮಿಷದಲ್ಲಿ ಅಂತರ್ಜಾಲದಲ್ಲಿ ಇಪ್ಪತ್ತೋ ಮೂವತ್ತೋ ಪಟ್ಟರ್ ಮಾರುತ್ತಾರೆ. ಮಗಳು, ಅಳಿಯ, ನಾನು ಮೂವರೂ ಮೂರು ಪರದೆಗಳ ಮುಂದೆ ಕುಳಿತೆವು. ಗಂಟೆ ಹತ್ತು ಆಯಿತು. ಮಗಳು ವಿಳಾಸ ತುಂಬುತ್ತಿದ್ದಂತೆಯೇ, “ಅಪ್ಪ, ಹೋಯಿತು” ಎಂದಳು. ಒಂದು ನಿಮಿಷವೂ ಆಗಿರಲಿಲ್ಲ. ಮರುದಿನ ಅದೇ ಪಟ್ಟರುಗಳಲ್ಲಿ ನಾಲ್ಕು, ಮರುಮಾರಾಟದ ತಾಣದಲ್ಲಿ ಎರಡರಷ್ಟು ಬೆಲೆಗೆ ಬಂದಿದ್ದವು. ನನಗೆ ನಿಜಕ್ಕೂ ಸಿಟ್ಟು ಬಂತು. ಒಂದು ಉಪಕರಣವನ್ನು ಕೈಯಿಂದ ಮುಟ್ಟದೆಯೇ ಕೊಂಡು ಮಾರುವವರಿಗೂ, ಅದನ್ನು ಕೆತ್ತಿದವನ ಶ್ರಮಕ್ಕೂ ಏನು ಸಂಬಂಧ? ಯಂತ್ರದ ಮುಂದೆ ನಿಂತು ದುಡಿದವನಿಗೆ ಇದು ನೋವಿನ ವಿಷಯ.

ಮೂರನೆಯದು ಹಳೆಯ ಮಾಲು. ಪಂದ್ಯಾಟಗಾರರಿಗೆಂದೇ ಕ್ಯಾಮೆರಾನ್ ಮಾಡುವ ಪಟ್ಟರುಗಳ ಮೇಲೆ ವೃತ್ತದೊಳಗೊಂದು ಟಿ ಅಕ್ಷರದ ಮುದ್ರೆ ಇರುತ್ತದೆ. ಇವು ಸಾವಿರಾರು ಡಾಲರ್ ಬಾಳುತ್ತವೆ, ಹಾಗಾಗಿ ನಕಲಿಗಳೂ ಬಹಳ. ಒಬ್ಬಾತ 303 ಸ್ಟೇನ್‌ಲೆಸ್ ಉಕ್ಕಿನದು, ಪ್ರಮಾಣಪತ್ರವೂ ಇದೆ ಎಂದು ಹೇಳಿ ಕಡಿಮೆ ಬೆಲೆಗೆ ಕೊಡಲು ಬಂದ. ಕಾಫಿ ಅಂಗಡಿಯ ಮುಂದೆ ಭೇಟಿಯಾದಾಗ ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಅಯಸ್ಕಾಂತವೊಂದನ್ನು ಜೇಬಿನಲ್ಲಿ ಒಯ್ದಿದ್ದೆ. 303 ಅಯಸ್ಕಾಂತವನ್ನು ಹಿಡಿಯುವ ಜಾತಿಯ ಉಕ್ಕಲ್ಲ. ಇದು ಟಕ್ಕನೆ ಹಿಡಿದುಕೊಂಡಿತು. ಹಿಂಬದಿಯ ಮೂಲೆಗಳಲ್ಲಿ ಕಟರ್ ಓಡಿದ ಗೆರೆ ಇರಲಿಲ್ಲ. ಎರಕ ಹೊಯ್ದದ್ದರ ದುಂಡನೆಯ ಅಂಚು, ಬಣ್ಣ ತುಂಬಿದ ಜಾಗದಲ್ಲಿ ಸೂಜಿಮೊನೆಯಷ್ಟು ರಂಧ್ರಗಳು. ಎರಕದ ಮೇಲೆ ಮುಖಕ್ಕೆ ಮಾತ್ರ ಮಿಲ್ಲಿಂಗ್ ಹೊಡೆದಿದ್ದರು. ಬೇಡವೆಂದು ಹೇಳಿ ಎದ್ದು ಬಂದೆ. ಹಳೆಯದನ್ನು ಕೊಳ್ಳುವವರು ಪ್ರಮಾಣಪತ್ರ ನೋಡುವ ಮೊದಲು ಲೋಹವನ್ನು ನೋಡಿ.

ಕೊನೆಗೆ ಸಿಕ್ಕಿದ್ದು ಒಬ್ಬರೇ ನಡೆಸುವ ಒಂದು ಕಾರ್ಯಾಗಾರ. ಅವರ ತಪ್ಪನ್ನೂ ಇಲ್ಲಿ ಬರೆಯುತ್ತಿರುವುದರಿಂದ ಹೆಸರು ಹಾಕುವುದಿಲ್ಲ. ಮೊದಲ ಪತ್ರಕ್ಕೆ ಉತ್ತರ ಬರಲು ಹದಿನೈದು ದಿನ. ಅರ್ಧ ಹಣ ಮುಂಗಡ. ಮೂರು ತಿಂಗಳು ಎಂದವರು ಎಂಟು ತೆಗೆದುಕೊಂಡರು, ನಡುವೆ ಎರಡು ತಿಂಗಳು ಸುದ್ದಿಯೇ ಇಲ್ಲ. ಅಷ್ಟರಲ್ಲಿ ನಾನು ಮೈಸೂರಿಗೆ ಮರಳಿಯಾಗಿತ್ತು. ಆದರೆ ಅವರು ಕೇಳಿದ ಪ್ರಶ್ನೆಗಳು ಕಸುಬು ಬಲ್ಲವನ ಪ್ರಶ್ನೆಗಳು: ಯಾವ ಹುಲ್ಲು, ಎಷ್ಟು ತೇವ, ಚೆಂಡು ಎಡಗಣ್ಣಿನ ಕೆಳಗೆ ಬರುತ್ತದೆಯೋ ಇನ್ನೂ ಒಳಗೋ, ಗುರಿ ಹಿಡಿಯಲು ಗೆರೆ ಬೇಕೋ ಚುಕ್ಕೆ ಸಾಕೋ. ನಾನು ಚುಕ್ಕೆಯೂ ಬೇಡ ಎಂದೆ.

ಹೆಡ್ಡಿನ ಹಿಮ್ಮಡಿಯ ಕಡೆ, ಅಂದರೆ ಆಡುವವನ ಕಾಲಿಗೆ ಹತ್ತಿರದ ತುದಿಯಲ್ಲಿ, ಮೂರು ಅಕ್ಷರ ಕೊರೆಸಿಕೊಳ್ಳಲು ಅವಕಾಶವಿತ್ತು. ನಮ್ಮ ಟೂಲ್‌ರೂಮುಗಳಲ್ಲಿ ಪ್ರತಿಯೊಬ್ಬ ಫಿಟ್ಟರ್ ತನ್ನ ಹತಾರಗಳ ಮೇಲೆ ತನ್ನ ಗುರುತಿನ ಪಂಚ್, ಅಂದರೆ ಉಕ್ಕಿನ ಅಚ್ಚು, ಹೊಡೆದುಕೊಳ್ಳುತ್ತಾನೆ. ಇಲ್ಲದಿದ್ದರೆ ಸಂಜೆಯೊಳಗೆ ಬೇರೆಯವರ ಪೆಟ್ಟಿಗೆ ಸೇರುತ್ತದೆ. ನನ್ನದು ಕಲಿಯುವಾಗ ನಾನೇ ಅರದಿಂದ ಉಜ್ಜಿ, ಕಾಯಿಸಿ, ಎಣ್ಣೆಯಲ್ಲಿ ಅದ್ದಿ ಹದಗೊಳಿಸಿದ 4 ಮಿಲಿಮೀಟರಿನ ‘ರಾ’. ನನ್ನ ವರ್ನಿಯರ್, ಮೂಲೆಮಟ್ಟ, ಗೆರೆಕಡ್ಡಿ ಎಲ್ಲದರ ಮೇಲೂ ಅದಿದೆ. ಆ ಪಂಚನ್ನು ಕಳುಹಿಸಿದರೆ ಹೊಡೆಯುತ್ತೀರಾ ಎಂದು ಕೇಳಿದೆ. ಮೊದಲು ಆಗುವುದಿಲ್ಲ ಎಂದರು. ಹೊರಗಿನ ಪಂಚ್ ಮೊನೆ ಮುರಿದರೆ ಜಾಬ್ ಹಾಳು ಎಂಬ ಅವರ ಮಾತು ನ್ಯಾಯವೇ. ಉಕ್ಕು ಯಾವುದು, ಹೇಗೆ ಹದಗೊಳಿಸಿದ್ದು ಎಂದು ಬರೆದು ಚಿತ್ರ ಕಳುಹಿಸಿದ ಮೇಲೆ ಒಪ್ಪಿದರು. ಮೈಸೂರಿನಿಂದ ಕೊರಿಯರಿನಲ್ಲಿ ಹೋದ ಪಂಚ್, ಪಟ್ಟರಿನ ಜೊತೆಗೇ ಹತ್ತಿಯಲ್ಲಿ ಸುತ್ತಿಕೊಂಡು ಹಿಂತಿರುಗಿತು. ಅವೆರಡೂ ಕೈಸೇರಿದ್ದು ನಾನು ಮತ್ತೆ ಮಗಳ ಮನೆಗೆ ಹೋದಾಗ.

ಇನ್ನು ಕೆಲಸದ ಬಗ್ಗೆ. ಕಾರ್ಬನ್ ಸ್ಟೀಲ್ ಎಂದು ಘನವಾಗಿ ಕರೆಯುವ ಈ ಲೋಹ ನಾವು ಪೀಣ್ಯದಲ್ಲಿ ದಿನವೂ ಬಳಸುತ್ತಿದ್ದ ಎಂ.ಎಸ್. (ಮೈಲ್ಡ್ ಸ್ಟೀಲ್) ಜಾತಿಯದೇ. ಮೂರೂವರೆ ಕಿಲೊ ಗಟ್ಟಿಯನ್ನು ಕೊರೆದು ಕೊರೆದು 360 ಗ್ರಾಂ ಉಳಿಸಿದ್ದಾರೆ, ಮಿಕ್ಕದ್ದು ಚೂರು. ಕುತ್ತಿಗೆಗೆ ಬೆಸುಗೆಯಿಲ್ಲ, ಇಡೀ ಹೆಡ್ ಒಂದೇ ತುಂಡು. ಒಳಮೂಲೆಗಳಲ್ಲಿ ಬರ್, ಅಂದರೆ ಕೊರೆದಾಗ ಉಳಿಯುವ ಚೂಪು ಅಂಚು, ಇಲ್ಲ, ಉಗುರಿನಿಂದ ಗೀರಿ ನೋಡಿದೆ. ಮೇಲಂಚಿಗೆ ಸಮನಾದ ಚೇಂಫರ್ (ಓರೆ ಕೊರೆತ). ಮುಖದ ಮೇಲೆ ಫ್ಲೈ ಕಟರಿನ ಕಮಾನುಗೆರೆಗಳು ಒಂದು ಅಂಚಿನಿಂದ ಇನ್ನೊಂದಕ್ಕೆ ಒಂದೇ ಅಂತರದಲ್ಲಿವೆ. ಕಟರ್ ನಡುಗಿದ ಗುರುತು ಎಲ್ಲಿಯೂ ಇಲ್ಲ. ಈ ಗೆರೆಗಳು ಆಳವಾದಷ್ಟೂ ಚೆಂಡಿಗೆ ತಾಗುವ ಲೋಹ ಕಡಿಮೆ, ಸದ್ದು ತಗ್ಗು. ಜನ ಮೃದು ಎನ್ನುವುದು ಬಹುಮಟ್ಟಿಗೆ ಕಿವಿಗೆ ಬಿದ್ದದ್ದನ್ನೇ ಎಂದು ನನ್ನ ಅನುಭವ. ಕಿವಿಗೆ ಹತ್ತಿ ಇಟ್ಟುಕೊಂಡು ಹೊಡೆದಾಗ ನನಗೆ ಎರಡು ಉಕ್ಕುಗಳ ವ್ಯತ್ಯಾಸ ಅರ್ಧದಷ್ಟೂ ತಿಳಿಯಲಿಲ್ಲ. ಬಣ್ಣ ನಮ್ಮ ಬ್ಲ್ಯಾಕೊಡೈಸಿಂಗ್, ಅಂದರೆ ಉಕ್ಕಿಗೆ ಕಪ್ಪು ಹಿಡಿಸುವುದು. ಒಬ್ಬನೇ ಮನುಷ್ಯ ವಿನ್ಯಾಸ, ಯಂತ್ರ, ಅರ, ಲೇಪ ಎಲ್ಲವನ್ನೂ ಮಾಡುವಾಗ ಈ ಬೆಲೆ ಅನ್ಯಾಯವೆಂದು ನಾನು ಹೇಳಲಾರೆ.

ಹಾಗಿದ್ದೂ ಒಂದು ಡಿಗ್ರಿ. ನಾನು ನಿಲ್ಲುವಂತೆ ನಿಂತರೆ ಹೆಡ್ಡಿನ ಹಿಮ್ಮಡಿಯ ಕೆಳಗೆ ಒಂದು ರೂಪಾಯಿಯ ನಾಣ್ಯ ನುಸುಳುತ್ತಿತ್ತು. ಕೋನಮಾಪಕದ ಚಿತ್ರ ತೆಗೆದು ಕಳುಹಿಸಿದೆ. ಅವರು ವಾದಿಸಲಿಲ್ಲ. ಮರಳಿ ಕಳುಹಿಸುವ ಚೀಟಿ ಅದೇ ದಿನ ಬಂತು. ಕುತ್ತಿಗೆಯನ್ನು ಬಾಗಿಸಿ, ಲಾಫ್ಟ್ ಕೆಡದಂತೆ ನೋಡಿಕೊಂಡು, ಹನ್ನೆರಡು ದಿನಕ್ಕೆ ವಾಪಸು ಬಂತು. ಈಗ 70. ಕಳುಹಿಸುವ ಮೊದಲು ಅವರೇ ಅಳೆದಿದ್ದರೆ ಇಷ್ಟು ಓಡಾಟ ಇರುತ್ತಿರಲಿಲ್ಲ ಎಂದು ಅವರಿಗೂ ಬರೆದಿದ್ದೇನೆ. ಊರಿಗೆ ತರುವವರಿಗೊಂದು ಮಾತು: ವಿಮಾನದ ಕ್ಯಾಬಿನ್ನಿಗೆ ಗಾಲ್ಫ್ ಕ್ಲಬ್ ಒಯ್ಯಲು ಬಿಡುವುದಿಲ್ಲ. ಹೆಡ್ಡನ್ನು ಹಳೆಯ ಸ್ವೆಟರಿನಲ್ಲಿ ಸುತ್ತಿ, ಸೂಟ್‌ಕೇಸಿನ ಕರ್ಣಕ್ಕೆ ಮಲಗಿಸಿ ತಂದೆ.

ಮೈಸೂರಿನಲ್ಲಿ ಮೂರು ತಿಂಗಳಾಯಿತು. ನಾಲ್ಕೈದು ಅಡಿಯ ಹೊಡೆತಗಳಲ್ಲಿ ಮೊದಲು ಬಲಕ್ಕೆ ಜಾರುತ್ತಿದ್ದ ಚೆಂಡು ಈಗ ನೋಡಿದ ಕಡೆಗೇ ಹೋಗುತ್ತದೆ. ದೂರದ ಹೊಡೆತಗಳಲ್ಲಿ ಸುಧಾರಣೆ ಕಡಿಮೆ. ಅದು ಗ್ರೀನಿನ ಇಳಿಜಾರನ್ನು ಓದುವ ಕೆಲಸ, ಪಟ್ಟರ್ ಓದಿಕೊಡುವುದಿಲ್ಲ. ನನ್ನ ಕ್ಯಾಡಿ, ಅಂದರೆ ಕ್ಲಬ್ಬುಗಳ ಚೀಲ ಹೊರುವವನು, ಮೊದಲ ದಿನ ಅದನ್ನು ಕೈಯಲ್ಲಿ ತೂಗಿ, “ಸರ್, ತಲೆ ಎಲ್ಲಿದೆ ಅಂತ ಕಣ್ಣು ಮುಚ್ಚಿದರೂ ಗೊತ್ತಾಗುತ್ತದೆ” ಎಂದ. ಎರಡನೆಯ ವಾರದ ಮಳೆಗೆ ಅಡಿಭಾಗದಲ್ಲಿ ಕಂದು ಚುಕ್ಕೆ ಕಾಣಿಸಿಕೊಂಡಿತು. ಆಡಿ ಬಂದ ದಿನ ಒಣ ಬಟ್ಟೆಯಲ್ಲಿ ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸವರಿ ಇಡುತ್ತೇನೆ. ‘ರಾ’ ಅಕ್ಷರ ಅರ್ಧ ಮಿಲಿಮೀಟರ್ ಎಡಕ್ಕೆ ವಾಲಿದೆ. ಆ ಪಂಚನ್ನು ಕೈಯಲ್ಲೇ ಹಿಡಿದು ಹೊಡೆದರೆ ಹಾಗೇ ಬೀಳುವುದು. ನನ್ನ ವರ್ನಿಯರಿನ ಮೇಲೂ ಅಷ್ಟೇ ವಾಲಿದೆ.