ಟಿವಿ ಶಾಪಿಂಗ್ ಚಾನೆಲ್ ಮೂರು ವರ್ಷ ಕೇಳಿಸ್ಕೊಂಡ ಮೇಲೆ ಒಂದು ರಿವ್ಯೂ (5ಕ್ಕೆ 2 ಸ್ಟಾರ್)

ನಾನು ಟೈಲರ್. ತಿಪಟೂರಲ್ಲಿ ಮನೇಲೇ ಬ್ಲೌಸ್ ಹೊಲಿತೀನಿ, ಮಷೀನ್ ಇಟ್ಕೊಂಡಿರೋದು ನಡುಮನೇಲಿ, ಟಿವಿ ಇರೋದೂ ಅಲ್ಲೇ, ರಿಮೋಟ್ ಮಾತ್ರ ನಮ್ಮತ್ತೆ ಕೈಲಿ. ಹಂಗಾಗಿ ಈ ಶಾಪಿಂಗ್ ಚಾನೆಲ್‌ನ ನಾನು ನೋಡಿದ್ದಕ್ಕಿಂತ ಕೇಳಿದ್ದೇ ಜಾಸ್ತಿ, ದಿನಾ ಮಧ್ಯಾಹ್ನ ಊಟ ಆದ್ಮೇಲಿಂದ ಹಿಡಿದು ಸಂಜೆ ಸೀರಿಯಲ್ ಶುರುವಾಗೋವರ್ಗೂ. ಯಾವ ಚಾನೆಲ್ ಅಂತ ಹೇಳಲ್ಲ, ಎರಡ್ಮೂರು ಇದಾವೆ, ಕಣ್ಮುಚ್ಕೊಂಡು ಕೇಳಿದ್ರೆ ಯಾವ್ದು ಯಾವ್ದು ಅಂತಾನೂ ಗೊತ್ತಾಗಲ್ಲ.

ದಾರ ಎಳೆದ್ರೆ ಒಳಗೆ ಬ್ಲೇಡ್ ತಿರುಗಿ ತರಕಾರಿ ಹೆಚ್ಚೋ ಡಬ್ಬ ಬರುತ್ತಲ್ಲ, ಅದನ್ನೇ ತಗೊಳಿ. ಅರ್ಧ ಗಂಟೆ ಅದೇ ನಡಿಯುತ್ತೆ, ಅರ್ಧ ಗಂಟೆ ಅಂದ್ರೂ ಒಳಗಿರೋ ಸರಕು ನಾಲ್ಕೇ ನಿಮಿಷದ್ದು, ಅದನ್ನೇ ಹಿಂದೆ ಮುಂದೆ ಮಾಡಿ ಹಾಕ್ತಾರೆ. ಮೊದ್ಲು ಒಬ್ಬಳು ಈರುಳ್ಳಿ ಹೆಚ್ತಾ ಗೋಳೋ ಅಂತ ಅಳ್ತಾಳೆ, ಅದು ಕಪ್ಪು ಬಿಳುಪಲ್ಲಿ, ಆಮೇಲೆ ಡಬ್ಬ ಬಂದ ತಕ್ಷಣ ಬಣ್ಣ ಬರುತ್ತೆ ನಗು ಬರುತ್ತೆ ಗಂಡ ಮಕ್ಕಳೂ ಎಲ್ಲಿಂದಲೋ ಬಂದು ಊಟಕ್ಕೆ ಕೂತ್ಕೋತಾರೆ. ಒಂದು ಬ್ಲೌಸ್‌ಗೆ ಹುಕ್ಕು ಕಾಜಾ ಮುಗ್ಸೋ ಅಷ್ಟ್ರಲ್ಲಿ ಅದೇ ಟೊಮ್ಯಾಟೊನ ಐದು ಸಲ ಹೆಚ್ಚಿದ್ರು, ನಾನೇ ಎಣಿಸಿದೀನಿ. ಪಕ್ಕದಲ್ಲಿ ಕೆಂಪು ಡಬ್ಬೀಲಿ ಸ್ಟಾಕ್ 47, 46, 45 ಅಂತ ಇಳಿತಾ ಇರುತ್ತೆ, 11ಕ್ಕೆ ಬಂದಾಗ ಟಿವೀಲಿ ಸಾಮಾನು ಮಾರೋ ಹುಡುಗಿ ದನಿ ಏರಿಸ್ತಾಳೆ, ನಮ್ಮತ್ತೆ ಫೋನ್ ಹುಡುಕೋಕೆ ಶುರು ಮಾಡ್ತಾರೆ, ನಾಲ್ಕು ಗಂಟೆಗೆ ನೋಡಿದ್ರೆ ಮತ್ತೆ 47.

ಭಾಷೆ ಬಗ್ಗೆ ಬೇರೆ ಹೇಳ್ಬೇಕಾ. ಬಾಯಿ ಹಿಂದಿ ಆಡುತ್ತೆ ದನಿ ಕನ್ನಡ ಬರುತ್ತೆ, "ಈ ಅದ್ಭುತ ಉತ್ಪನ್ನವನ್ನು ನಿಮ್ಮ ಪ್ರಿಯಜನರಿಗೆ ಉಡುಗೊರೆಯಾಗಿ ನೀಡಿ" ಅಂತೆ. ಯಾರ ಮನೇಲಿ ಹಂಗೆ ಮಾತಾಡ್ತಾರೆ? ನಮ್ಮತ್ತೆಗೆ ಇದೆಲ್ಲ ಬೇಜಾರೇ ಇಲ್ಲ, "ಎಷ್ಟು ನೀಟಾಗಿ ಮಾತಾಡ್ತಾಳೆ ನೋಡಮ್ಮ" ಅಂತಾರೆ.

ಇಷ್ಟೊಂದು ಸಲ ಯಾಕೆ ಹಾಕ್ತಾರೆ ಅಂತ ಬಾಡಿಗೆ ವಸೂಲಿಗೆ ಬಂದ ಕೇಬಲ್ ಹುಡುಗನ್ನ ಕೇಳಿದ್ದೆ. "ಅಕ್ಕ, ಇದನ್ನ ಯಾರೂ ಮೊದ್ಲಿಂದ ಕೊನೇವರ್ಗೂ ಕೂತು ನೋಡಲ್ಲ, ಚಾನೆಲ್ ತಿರುಗಿಸ್ತಾ ಬಂದು ಎರಡು ನಿಮಿಷ ನಿಂತ್ಕೋತಾರೆ, ಅಷ್ಟ್ರಲ್ಲಿ ವಸ್ತು, ರೇಟು, ಫೋನ್ ನಂಬರ್ ಮೂರೂ ಕಣ್ಣಿಗೆ ಬಿದ್ಬಿಡ್ಬೇಕು" ಅಂದ. ಬೇರೆ ಪೇ ಚಾನೆಲ್‌ಗೆ ನಾವು ದುಡ್ಡು ಕೊಡ್ತೀವಿ, ಇವ್ರು ಕಾಣಿಸ್ಕೊಳೋಕೆ ಕೇಬಲ್ ಕಂಪನಿಗೆ ಡಿಶ್ ಕಂಪನಿಗೆ ತಾವೇ ದುಡ್ಡು ಕಟ್ತಾರಂತೆ. ಮಾಮೂಲಿ ಚಾನೆಲ್‌ಗಾದ್ರೆ ಗಂಟೆಗೆ 12 ನಿಮಿಷಕ್ಕಿಂತ ಜಾಸ್ತಿ ಜಾಹೀರಾತು ಹಾಕ್ಬಾರ್ದು ಅಂತ ರೂಲ್ ಇದೆ, ಇಲ್ಲಿ ಜಾಹೀರಾತೇ ಕಾರ್ಯಕ್ರಮ. ಮುಂಚೆ ರಾತ್ರಿ ಹೊತ್ತು ಬೆಳಗಿನ ಜಾವ ಅರ್ಧ ಗಂಟೆ ಬರ್ತಿತ್ತು ಅಷ್ಟೇ, 2008ರಲ್ಲಿ ಹೋಮ್‌ಶಾಪ್18 ಅಂತ 24 ಗಂಟೆದು ಹಿಂದೀಲಿ ಬಂತು, ಆಮೇಲೆ ಕನ್ನಡದಲ್ಲೂ ಮಾತಾಡೋಕೆ ಶುರು ಮಾಡಿದ್ರು, ನಮ್ಮ ನಡುಮನೆಗೂ ಬಂತು.

ಈಗ ಖರೀದಿ ವಿಷ್ಯಕ್ಕೆ ಬರ್ತೀನಿ. ಎರಡು ವರ್ಷದ ಹಿಂದೆ ಒಂದಿನ ಕೊರಿಯರ್ ಹುಡುಗ ಬಂದ, 499 ರೂಪಾಯಿ ಕ್ಯಾಶ್ ಅಂದ. ಅತ್ತೆ ಸೆರಗಿನ ಗಂಟು ಬಿಚ್ಚಿ ಕೊಟ್ರು. ಒಳಗೆ ಕೈಯಲ್ಲಿ ಹಿಡಿದು ಹೊಲಿಯೋ ಪುಟ್ಟ ಮಷೀನು, ಸ್ಟೇಪ್ಲರ್ ತರ ಇರುತ್ತಲ್ಲ ಅದು. ಟೈಲರ್ ಸೊಸೆಗೆ ಅತ್ತೆ ತರಿಸಿಕೊಟ್ಟ ಗಿಫ್ಟ್! "ದಿನಾ ಕಾಲು ತುಳಿದು ತುಳಿದು ಮಂಡಿ ನೋವು ಅಂತೀಯಲ್ಲ, ಇದ್ರಲ್ಲಿ ಕೂತಲ್ಲೇ ಹೊಲಿಬೋದಂತೆ ಕಣಮ್ಮ" ಅಂದ್ರು. ನಗ್ಬೇಕೋ ಅಳ್ಬೇಕೋ ಗೊತ್ತಾಗ್ಲಿಲ್ಲ, ಬೈಯೋಕಂತೂ ಮನಸ್ಸು ಬರ್ಲಿಲ್ಲ.

ಹಳೇ ಲೈನಿಂಗ್ ಬಟ್ಟೆ ತುಂಡು ತಗೊಂಡು ಹೊಲಿದು ನೋಡ್ದೆ. ಮೇಲ್ಗಡೆ ಸಾಲು ಚೆನ್ನಾಗೇ ಬಂತು. ತಿರುಗಿಸಿ ನೋಡಿದ್ರೆ ಕೆಳಗಡೆ ಬರೀ ಕುಣಿಕೆ. ಇದ್ರಲ್ಲಿ ಬಾಬಿನ್ನೇ ಇಲ್ಲ. ನಮ್ಮ ತುಳಿಯೋ ಮಷೀನಲ್ಲಿ ಮೇಲಿನ ದಾರ ಕೆಳಗಿನ ಬಾಬಿನ್ ದಾರದ ಜೊತೆ ಬಟ್ಟೆ ಮಧ್ಯದಲ್ಲಿ ಹೆಣಕೊಳುತ್ತೆ, ಅದಕ್ಕೇ ಒಂದು ಕಡೆ ಹರಿದ್ರೂ ಉಳಿದಿದ್ದು ನಿಲ್ಲುತ್ತೆ. ಇದು ಒಂದೇ ದಾರದ ಸರಪಳಿ ಹೊಲಿಗೆ, ಕುಣಿಕೆ ಒಳಗೆ ಕುಣಿಕೆ, ಅಕ್ಕಿ ಮೂಟೆ ಬಾಯಿ ಹೊಲಿದಿರ್ತಾರಲ್ಲ ಹಂಗೆ, ಸರಿಯಾದ ತುದಿ ಸಿಕ್ಕಿ ಎಳೆದ್ರೆ ಸರ್ರಂತ ಪೂರ್ತಿ ಬಿಚ್ಕೊಂಡು ಕೈಗೆ ಬರುತ್ತೆ. ಕೊನೇಲಿ ಗಂಟು ಹಾಕಿದ್ರೆ ತಕ್ಕಮಟ್ಟಿಗೆ ನಿಲ್ಲುತ್ತೆ, ಪರದೆ ಅಂಚು ಬಿಟ್ಟಿದ್ರೆ ತುರ್ತಿಗೆ ಹೊಲ್ಕೋಬೋದು, ಬ್ಲೌಸ್ ಕಂಕುಳಿಗೆ ಹಾಕಿದ್ರೆ ಮದ್ವೆ ಮನೇಲಿ ಮಾನ ಹೋಗುತ್ತೆ.

ಆವತ್ತು ಮೊದಲನೇ ಸಲ ಮಷೀನ್ ನಿಲ್ಲಿಸಿ ಆ ಪ್ರೋಗ್ರಾಮ್‌ನ ನಿಜ್ವಾಗ್ಲೂ ಕೂತು ನೋಡ್ದೆ. ಜೀನ್ಸ್ ಹೊಲಿದ್ರು, ಸೋಫಾ ಕವರ್ ಹೊಲಿದ್ರು, ಹೊಲಿದ ಬಟ್ಟೇನ ಎರಡೂ ಕೈಲಿ ಹಿಡಿದು ಅಡ್ಡಡ್ಡ ಜಗ್ಗಿ ತೋರಿಸಿದ್ರು, ಎಷ್ಟು ಗಟ್ಟಿ ನೋಡಿ ಅಂತ. ಬಟ್ಟೆ ಅಡ್ಡ ಜಗ್ಗಿದ್ರೆ ಈ ಹೊಲಿಗೆನೂ ತಡ್ಕೊಳುತ್ತೆ, ದಾರದ ತುದಿ ಹಿಡಿದು ಎಳಿಬೇಕು, ಅದನ್ನ ಮಾಡ್ಲಿಲ್ಲ. ಹಿಂಬದಿ ಒಂದು ಸಲಾನೂ ತೋರಿಸ್ಲಿಲ್ಲ. ಅದೇ ವಿಡಿಯೊ ಅರ್ಧ ಗಂಟೇಲಿ ಏಳು ಸಲ ಬಂತು, ಏಳು ಸಲಾನೂ ಕ್ಯಾಮೆರಾ ಮೇಲ್ಗಡೆನೇ. ನೂರು ಸಲ ಹಾಕ್ರಪ್ಪಾ ಪರ್ವಾಗಿಲ್ಲ, ಒಂದು ಸಲ ಆದ್ರೂ ಬಟ್ಟೆ ತಿರುಗಿಸಿ ತೋರ್ಸಿ ಅನ್ನಿಸ್ತು.

ಅಲ್ಲಿಂದ ನಂಗೆ ಇದೊಂದು ಚಟ ಆಗೋಯ್ತು, ಏನು ಬಂದ್ರೂ ಯಾವುದನ್ನ ತೋರಿಸ್ತಿಲ್ಲ ಅಂತ ಹುಡುಕೋದು. ನಾನ್‌ಸ್ಟಿಕ್ ತವಾ ತೋರಿಸ್ತಾರೆ, ಹೊಸ ತವಾ ಮೇಲೆ ಮೊಟ್ಟೆ ಜಾರಿಸ್ತಾರೆ, ಆರು ತಿಂಗ್ಳು ದೋಸೆ ಹುಯ್ದ ತವಾ ತೋರಿಸಲ್ಲ. ಸೀರೆ ಅಂತೂ ಕೇಳ್ಲೇಬೇಡಿ. 5 ಸೀರೆ 1,299, ಎಂಆರ್‌ಪಿ 6,000 ಚಿಲ್ಲರೆ ಅಂತ ಗೀಟು ಎಳೆದಿರ್ತಾರೆ, ಆ ಎಂಆರ್‌ಪಿ ಪ್ರಿಂಟ್ ಮಾಡೋರೂ ಅವ್ರ ಕಡೆಯೋರೇ ತಾನೆ. ಅದನ್ನ ತಗೊಂಡು ಫಾಲ್ಸ್ ಪೀಕೋ ಮಾಡ್ಸೋಕೆ ನನ್ನ ಹತ್ರಾನೇ ತರ್ತಾರೆ. ಮಾಮೂಲಿ ಐದೂವರೆ ಮೀಟರ್ ಸೀರೆ, ಮೇಲೆ 80 ಸೆಂಟಿಮೀಟರ್ ಬ್ಲೌಸ್ ಪೀಸ್ ಇರ್ಬೇಕು. ನಾನು ಟೇಪ್ ಹಿಡಿದ ಒಂದು ಸೀರೆ ಬ್ಲೌಸ್ ಪೀಸೂ ಸೇರಿ 5.6 ಮೀಟರ್ ಬಂತು, ಬ್ಲೌಸ್ ಕಿತ್ರೆ ನೆರಿಗೆಗೇ ಸಾಲಲ್ಲ. ಜರಿ ಅಂಚು ಅಂದಿದ್ದು ಪ್ರಿಂಟು, ಇಸ್ತ್ರಿ ಪೆಟ್ಟಿಗೆ ಮುಟ್ಟಿದ ತಕ್ಷಣ ಬಣ್ಣ ಪೆಟ್ಟಿಗೆಗೆ ಅಂಟ್ತು. ಬಣ್ಣದ ಆಯ್ಕೆ ನಿಮ್ದಲ್ಲ, ಸ್ಟಾಕ್‌ನಲ್ಲಿ ಇದ್ದಿದ್ದು ಬರುತ್ತೆ ಅಂತ ಕೆಳಗಡೆ ಇರುವೆ ಸೈಜಲ್ಲಿ ಓಡಿರುತ್ತೆ, ನಮ್ಮತ್ತೆ ವಯಸ್ಸಿನೋರಿಗೆ ಅದು ಎಲ್ಲಿ ಕಾಣುತ್ತೆ.

ವಾಪಸ್ ಮಾಡೋದು? ಅದೊಂದು ಸೀರೆ ಸೆಟ್ಟು ನಮ್ಮನೇದೇ, ಕಸ್ಟಮರ್ ಕೇರ್‌ಗೆ ಮಾಡಿದ್ರೆ ಹಾಡು ಕೇಳಿಸಿ ಕೇಳಿಸಿ ಕಟ್ ಮಾಡ್ತಿದ್ರು. ಕೊನೆಗೆ ಮಗಳು ಗ್ರಾಹಕ ಸಹಾಯವಾಣಿ 1915ಕ್ಕೆ ಕಂಪ್ಲೇಂಟ್ ಹಾಕಿದ್ಳು, ಮೂರು ವಾರಕ್ಕೆ ಬಂದು ತಗೊಂಡೋದ್ರು, ಕೊರಿಯರ್ ಚಾರ್ಜ್ ಮುರ್ಕೊಂಡು ದುಡ್ಡು ಹಾಕಿದ್ರು. ಡಬ್ಬದ ಮೇಲಿನ ಚೀಟಿ, ಬಿಲ್ಲು ಬಿಸಾಕ್ಬೇಡಿ, ಅವು ಇದ್ದಿದ್ದಕ್ಕೆ ಕೆಲ್ಸ ಆಯ್ತು. ಇನ್ನೊಂದು ವಿಷ್ಯ, ಅದಾದ್ಮೇಲೆ ಪೋಸ್ಟಲ್ಲಿ ಒಂದು ಸ್ಕ್ರ್ಯಾಚ್ ಕಾರ್ಡ್ ಬಂತು, ಕೆರೆದ್ರೆ ಕಾರು ಬಂದಿದೆ, ಮೊದ್ಲು ಟ್ಯಾಕ್ಸ್ ಕಟ್ಟಿ ಅಂತ. ಶಾಪಿಂಗ್ ಚಾನೆಲ್ ಹೆಸರು ಹೇಳ್ಕೊಂಡು ಮೋಸ ಮಾಡೋ ಕಳ್ಳರು ಇವ್ರು, ಒಲೆಗೆ ಹಾಕಿ.

ಯಂತ್ರ ತಾಯತದ್ದೂ ಬರುತ್ತೆ, ಕತ್ತಿಗೆ ಹಾಕೊಂಡ್ರೆ ಸಾಲ ತೀರುತ್ತೆ ಅನ್ನೋದು. ಅತ್ತೆ ಡಯಲ್ ಮಾಡೋ ಹೊತ್ತಿಗೆ ಬ್ಲೌಸ್ ತಗೊಂಡೋಗೋಕೆ ಬಂದಿದ್ದ ಟೀಚರ್ ಒಬ್ರು, 2021ರಲ್ಲೇ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಇಂಥ ಪವಾಡದ ಯಂತ್ರ ಟಿವೀಲಿ ಮಾರೋದು ಅಲ್ಲಿನ ಮಾಟಮಂತ್ರ ತಡೆ ಕಾಯ್ದೆ ಪ್ರಕಾರ ತಪ್ಪು ಅಂತ ಹೇಳಿದೆ ಕಣ್ರೀ ಅಂದ್ರು. ಅತ್ತೆ ಕಟ್ ಮಾಡಿದ್ರು, ಕೋರ್ಟ್ ಅಂದ್ರೆ ಭಯ ಅವ್ರಿಗೆ.

ಎರಡು ಸ್ಟಾರ್ ಯಾಕೆ ಕೊಟ್ಟೆ ಅಂದ್ರೆ, ಒಂದು ನೆಲ ಒರೆಸೋ ಮಾಪ್‌ಗೆ, ಎರಡೂವರೆ ವರ್ಷ ಆಯ್ತು ಇನ್ನೂ ಗಟ್ಟಿಮುಟ್ಟಾಗಿದೆ. ಇನ್ನೊಂದು, ಆ್ಯಪ್ ಗೊತ್ತಿಲ್ಲದೆ ಇರೋರು ಫೋನಲ್ಲಿ ಕನ್ನಡದಲ್ಲಿ ಮಾತಾಡಿ ಒಂದು ವಸ್ತು ತರಿಸ್ಕೋಬೋದು, ಕಾಸು ಮನೆ ಬಾಗ್ಲಲ್ಲಿ ಕೊಡ್ಬೋದು. ನಮ್ಮತ್ತೆ ಆರ್ಡರ್ ತಗೊಳೋ ಹುಡುಗಿನ "ಊಟ ಆಯ್ತಾ ಮಗ" ಅಂತ ಕೇಳೇ ಪಿನ್‌ಕೋಡ್ ಹೇಳೋದು.

ಹೋದ ತಿಂಗ್ಳು ತಲೆ ಕೆಟ್ಟು ಸೆಟ್ ಟಾಪ್ ಬಾಕ್ಸಲ್ಲಿ ಆ ಚಾನೆಲ್‌ನೆಲ್ಲ ಲಾಕ್ ಮಾಡ್ದೆ, ಸೆಟ್ಟಿಂಗಲ್ಲಿ ಆಪ್ಷನ್ ಇದೆ, ಬೇಕಾದೋರು ಮಾಡ್ಕೋಬೋದು. ಎರಡು ದಿನ ಮನೆ ತಣ್ಣಗಿತ್ತು, ಮಷೀನ್ ಸದ್ದು ಬಿಟ್ರೆ ಏನಿಲ್ಲ. ಮೂರನೇ ದಿನ ಅತ್ತೆ ಮೆಲ್ಲಗೆ, "ಆ ಹುಡುಗಿ ಬರ್ತಾನೇ ಇಲ್ವಲ್ಲಮ್ಮ, ಹುಷಾರಿಲ್ವೇನೋ" ಅಂದ್ರು. ಲಾಕ್ ತೆಗೆದುಕೊಟ್ಟೆ.