ಏರ್ ರೈಫಲ್ ತಗೊಳ್ಳುವ ಮುಂಚೆ ನಿಮ್ಮ ಹಿತ್ತಲಿನ ಗೋಡೆ ನೋಡಿ

ನಮ್ಮಣ್ಣನ ಮಗನ ಎಡಗಣ್ಣಿನ ಕೆಳಗೆ ಮೂರು ಹೊಲಿಗೆಯ ಗುರುತಿದೆ. ಗುರುತಿಗೂ ಕಣ್ಣಿಗೂ ನಡುವೆ ಒಂದು ಬೆರಳು ಇಡುವಷ್ಟು ಜಾಗ, ಅಷ್ಟೇ. ಅವತ್ತು ಏರ್ ರೈಫಲ್ ಹಿಡಿದಿದ್ದವನು ನಾನು. ಹಿತ್ತಲಿನಲ್ಲಿ ಹೊಡೆಯೋಕೆ ಅಂತ ಮೊದಲ ಸಲ ಏರ್ ರೈಫಲ್ ತಗೋಬೇಕು ಅಂದುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ, ಆಮೇಲೆ ಅಂಗಡಿಗೆ ಹೋಗಿ.

ಶುರುವಾಗಿದ್ದು ಹುಬ್ಬಳ್ಳಿಯ ಸಿದ್ಧಾರೂಢರ ಜಾತ್ರೆಯಲ್ಲಿ. ಬಲೂನು ಹೊಡೆಯುವ ಅಂಗಡಿ ಮುಂದೆ ಹುಡುಗ ನಿಂತ. ಅವನಿಗೆ 14 ವರ್ಷ. ಹತ್ತು ಹೊಡೆತದಲ್ಲಿ ಏಳು ಬಲೂನು ಒಡೆದ. ವಾಪಸ್ ಧಾರವಾಡಕ್ಕೆ ಬರುವಾಗ ಬಸ್ಸಿನಲ್ಲಿ ಒಂದೇ ಮಾತು, "ಕಾಕಾ, ನಮ್ಮ ಹಿತ್ತಲದಾಗ ಇಂಥಾದ್ದು ಒಂದು ಇದ್ರ ದಿನಾ ಹೊಡಿಬಹುದಲ್ಲ?" ನನಗೂ ಚಿಕ್ಕಂದಿನಿಂದ ಆಸೆ ಇತ್ತು. ನಮ್ಮ ಹಿತ್ತಲು ಉದ್ದಕ್ಕೆ 11 ಮೀಟರ್ ಇರಬಹುದು. ಒಂದು ಪೇರಲ ಗಿಡ, ಬಟ್ಟೆ ಒಗೆಯುವ ಕಲ್ಲು, ಎದೆ ಮಟ್ಟದ ಕಂಪೌಂಡ್, ಅದರ ಆಚೆ ಮಾಸ್ತರ ಮನೆ. ಇಷ್ಟು ಜಾಗ ಸಾಕು ಅನ್ನಿಸಿತು. ಜಾಗದ ಉದ್ದವನ್ನು ಮಾತ್ರ ನೋಡಿದೆ, ಗುಂಡು ಎಲ್ಲಿ ಹೋಗಿ ನಿಲ್ಲುತ್ತದೆ ಅಂತ ಒಂದು ಸಲವೂ ಕೇಳಿಕೊಳ್ಳಲಿಲ್ಲ.

ಅಂಗಡಿಯವನು ಮೊದಲು ಹೇಳಿದ್ದೇ, "ಸರ, ಲೈಸನ್ಸ್ ಏನೂ ಬ್ಯಾಡ್ರಿ, ಆಧಾರ್ ಜೆರಾಕ್ಸ್ ಕೊಡ್ರಿ ಸಾಕು." ಅವನು ಹೇಳಿದ್ದು ಸುಳ್ಳಲ್ಲ. 2016ರ ಆರ್ಮ್ಸ್ ರೂಲ್ಸ್ ಪ್ರಕಾರ ನಳಿಗೆಯ ಒಳತೂತಿನ ಅಳತೆ 0.177 ಇಂಚು, ಅಂದರೆ 4.5 ಮಿಲಿಮೀಟರ್ ದಾಟಬಾರದು, ಹೊಡೆತದ ಶಕ್ತಿ 20 ಜೂಲ್ ದಾಟಬಾರದು. ಇವೆರಡರ ಒಳಗಿದ್ದರೆ ಲೈಸನ್ಸ್ ಬೇಕಿಲ್ಲ. ಆದರೆ ಲೈಸನ್ಸ್ ಬೇಡ ಅನ್ನೋ ಮಾತು ಕಿವಿಗೆ ಬಿದ್ದ ಕೂಡಲೇ ನನ್ನ ತಲೆಯಲ್ಲಿ ಇದು ಆಟದ ಸಾಮಾನು ಅಂತ ಕೂತುಬಿಟ್ಟಿತು. ದೊಡ್ಡ ತಪ್ಪು ಅದೇ. 20 ಜೂಲ್ ಒಳಗಿನ ಗುಂಡು ಚರ್ಮ ಸೀಳಿ ಒಳಗೆ ಹೋಗುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣು ಹೋಯಿತು ಅಂತಲೇ ಲೆಕ್ಕ. ಹಾಗೇ ಯಾರಾದರೂ ನಿಮಗೆ 0.22 ಅಳತೆಯದ್ದನ್ನು "ಇದಕ್ಕೂ ಏನೂ ಬೇಡ" ಅಂತ ಕೊಡಲು ಬಂದರೆ ತಗೋಬೇಡಿ. ಅದಕ್ಕೆ ಲೈಸನ್ಸ್ ಬೇಕೇ ಬೇಕು.

ಎದುರಿಗೆ ಎರಡು ರೈಫಲ್ ಇಟ್ಟ. ಒಂದರ ಡಬ್ಬಿ ಮೇಲೆ 1000 ಎಫ್‌ಪಿಎಸ್ ಅಂತ ದಪ್ಪ ಅಕ್ಷರ, ಇನ್ನೊಂದರ ಮೇಲೆ 600. ಸೆಕೆಂಡಿಗೆ ಎಷ್ಟು ಅಡಿ ಹೋಗುತ್ತದೆ ಅನ್ನುವ ಲೆಕ್ಕ ಅದು. ನಾನು 1000ದ್ದು ತಗೊಂಡೆ. ಬಹಳ ಜನ ಹೀಗೇ ಮಾಡುತ್ತಾರೆ, ಬೈಕಿನ ಸಿಸಿ ನೋಡಿದ ಹಾಗೆ. ಆ ಸಂಖ್ಯೆ ಸಾಮಾನ್ಯವಾಗಿ ಬರುವುದು ತೀರಾ ಹಗುರವಾದ ಗುಂಡು ಹಾಕಿ ಅಳೆದಾಗ. ನಾವು ದಿನಾ ಹಾಕುವ ಅರ್ಧ ಗ್ರಾಮಿನ ಸೀಸದ ಪೆಲೆಟ್ ಹಾಕಿದರೆ ವೇಗ ಎಷ್ಟೋ ಇಳಿಯುತ್ತದೆ.

ಅದಕ್ಕಿಂತ ಮುಖ್ಯ, ಕಾಗದ ತೂತು ಮಾಡಲು ಆ ವೇಗ ಬೇಕೇ ಇಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಿದ್ದು 10 ಮೀಟರ್ ಏರ್ ರೈಫಲ್‌ನಲ್ಲಿ. ಆ ಸ್ಪರ್ಧೆಯ ರೈಫಲ್‌ಗಳ ಗುಂಡು ಸೆಕೆಂಡಿಗೆ ಸುಮಾರು 170 ಮೀಟರ್ ಹೋಗುತ್ತದೆ, ಅಂದರೆ 560 ಅಡಿ ಆಸುಪಾಸು, ಶಕ್ತಿ ಏಳೆಂಟು ಜೂಲ್. ಅಲ್ಲಿ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಅಂಥ ಗುರಿಗೇ ಅಷ್ಟು ವೇಗ ಸಾಕಾದರೆ ನಮ್ಮ ಪೇರಲ ಗಿಡದ ಪಕ್ಕದ ಗುರಿಗೆ 1000 ಯಾಕೆ ಬೇಕಿತ್ತು? ಇದನ್ನು ನನಗೆ ಅವತ್ತು ಯಾರಾದರೂ ಹೇಳಿದ್ದರೆ ಅಂತ ಈಗಲೂ ಅನ್ನಿಸುತ್ತದೆ.

ಮನೆಗೆ ತಂದ ದಿನದಿಂದಲೇ ತೊಂದರೆ. ನಳಿಗೆಯನ್ನು ಕೆಳಕ್ಕೆ ಬಾಗಿಸಿ ಸ್ಪ್ರಿಂಗ್ ಎಳೆಯುವ ಮಾದರಿ ಅದು. ಎಳೆಯೋಕೆ ನನಗೇ ಎರಡೂ ಕೈ ಬೇಕು, ಹತ್ತು ಸಲ ಎಳೆದರೆ ಭುಜ ನಡುಗುತ್ತಿತ್ತು. ನಡುಗುವ ಕೈಯಲ್ಲಿ ಗುರಿ ಎಲ್ಲಿಂದ ಬರಬೇಕು? ಹುಡುಗನಿಗಂತೂ ಆಗುತ್ತಲೇ ಇರಲಿಲ್ಲ. ಗುರಿ ನೋಡಲು ರೈಫಲ್ ಮೇಲೆ ಕೂರಿಸಿ ಕೊಟ್ಟಿದ್ದ ದುರ್ಬೀನು ಎರಡೇ ವಾರದಲ್ಲಿ ಅಲುಗಾಡಿತು. ಬಿಗಿ ಮಾಡಿದರೂ ಇವತ್ತು ಒಂದು ಕಡೆ, ನಾಳೆ ಇನ್ನೊಂದು ಕಡೆ. ಸ್ಪ್ರಿಂಗ್ ರೈಫಲ್ ಮೊದಲು ಹಿಂದಕ್ಕೆ ಒದೆಯುತ್ತದೆ, ಒಳಗಿನ ಪಿಸ್ಟನ್ ಮುಂದೆ ಹೋಗಿ ನಿಂತ ಕೂಡಲೇ ಮುಂದಕ್ಕೂ ಜಗ್ಗುತ್ತದೆ. ಈ ಎರಡು ಕಡೆಯ ಹೊಡೆತವನ್ನು ಎಲ್ಲ ದುರ್ಬೀನೂ ತಡೆಯುವುದಿಲ್ಲ, ಏರ್ ಗನ್‌ಗೆ ಅಂತಲೇ ಮಾಡಿದ್ದು ಬೇಕು. ಶಕ್ತಿ ಜಾಸ್ತಿ ಇದ್ದಷ್ಟೂ ಈ ಕಾಟ ಜಾಸ್ತಿ.

ಅಂಗಡಿಗೆ ಫೋನ್ ಮಾಡಿದೆ. "ಬ್ಯಾರಲ್ ಒಳಗ ಎರಡು ಹನಿ ಮಷಿನ್ ಎಣ್ಣಿ ಬಿಡ್ರಿ, ಸ್ಮೂತ್ ಆಗ್ತದ" ಅಂದ. ಹೊಲಿಗೆ ಮಷಿನ್ನಿನ ಎಣ್ಣೆ ಬಿಟ್ಟೆ. ಮುಂದಿನ ಹೊಡೆತಕ್ಕೆ ಪಟಾಕಿ ಥರ ಸದ್ದು, ನಳಿಗೆಯ ತುದಿಯಿಂದ ನೀಲಿ ಹೊಗೆ, ಸುಟ್ಟ ವಾಸನೆ. ಓಣಿಯವರೆಲ್ಲ ಹೊರಗೆ ಬಂದರು. ಡೀಸೆಲ್ ಟ್ರ್ಯಾಕ್ಟರ್ ಇಂಜಿನ್‌ನಲ್ಲಿ ಗಾಳಿ ಒತ್ತಿದಾಗ ಬಿಸಿಯಾಗಿ ಎಣ್ಣೆ ತಾನೇ ಹತ್ತಿಕೊಳ್ಳುತ್ತದಲ್ಲ, ಇಲ್ಲೂ ಆಗಿದ್ದು ಅದೇ. ಒಳಗಿನ ವಾಷರ್ ಕೆಟ್ಟಿತು. ಆಮೇಲೆ ಒಂದು ಗುಂಡು ಮೇಲೆ, ಒಂದು ಕೆಳಗೆ. ಗುಂಡು ಹಾಕದೆ ಖಾಲಿ ಹೊಡೆಯುವುದೂ ಇದೇ ಥರ ಹಾಳು. ಪಿಸ್ಟನ್ನಿಗೆ ಎದುರು ಒತ್ತುವ ಗಾಳಿ ಸಾಲದೆ ಅದು ನೇರ ಹೋಗಿ ಬಡಿಯುತ್ತದೆ.

ಒಂದು ಸಂಜೆ ಮಾಸ್ತರು ಬಂದರು. ಅಂಗೈಯಲ್ಲಿ ಒಂದು ಚಪ್ಪಟೆಯಾದ ಪೆಲೆಟ್. "ನೋಡ್ರಿ, ಇದು ನಿಮ್ದ ಇರಬೇಕು. ನಮ್ಮ ನೀರಿನ ಟ್ಯಾಂಕಿಗೆ ತೂತು ಬಿದ್ದೈತಿ." ಸಿಟ್ಟು ಮಾಡಲಿಲ್ಲ ಪಾಪ. ಟ್ಯಾಂಕಿನ ದುಡ್ಡು ಕೊಟ್ಟೆ, ಕ್ಷಮೆ ಕೇಳಿದೆ. ಆದರೂ ದುರ್ಬೀನಿನ ತಪ್ಪು ಅಂದುಕೊಂಡೆ. ಇಂಥ ಪೆಲೆಟ್ ಗೋಡೆ ದಾಟಿದರೆ ಇನ್ನೂರು ಮುನ್ನೂರು ಮೀಟರ್ ಆಚೆಗೂ ಹೋಗಬಲ್ಲದು. ಮಾಸ್ತರ ಮೊಮ್ಮಗಳು ದಿನಾ ಸಂಜೆ ಅದೇ ಮಾಳಿಗೆ ಮೇಲೆ ಆಡುತ್ತಾಳೆ. ಅವತ್ತೇ ಎಲ್ಲ ನಿಲ್ಲಿಸಬೇಕಿತ್ತು. ನಾನು ಮಾಡಿದ್ದು ಗುರಿಯನ್ನು ಕೆಳಗಿಳಿಸಿದ್ದು. ಗೋಡೆ ದಾಟಬಾರದು ಅಂತ ರಟ್ಟನ್ನು ಬಟ್ಟೆ ಒಗೆಯುವ ಕಲ್ಲಿಗೆ ಒರಗಿಸಿ ಇಟ್ಟೆ. ಕಲ್ಲು ಗಟ್ಟಿ, ಗುಂಡು ಅಲ್ಲೇ ನಿಲ್ಲುತ್ತದೆ ಅಂದುಕೊಂಡೆ.

ಅದು ಭಾನುವಾರ ಬೆಳಿಗ್ಗೆ. ಹುಡುಗ ಗುಂಡು ಎಲ್ಲಿ ಬೀಳುತ್ತದೆ ನೋಡ್ತೀನಿ ಅಂತ ನನಗಿಂತ ಎರಡು ಹೆಜ್ಜೆ ಮುಂದೆ, ಪೇರಲ ಗಿಡದ ಹತ್ತಿರ ನಿಂತಿದ್ದ. ನಾನು ಬೇಡ ಅನ್ನಲಿಲ್ಲ. ಟ್ರಿಗರ್ ಒತ್ತಿದೆ. ರಟ್ಟು ತಪ್ಪಿ ಗುಂಡು ಕಲ್ಲಿನ ಅಂಚಿಗೆ ಬಿತ್ತು. ಟಣ್ ಅಂತ ಸದ್ದು, ಹಿಂದೆಯೇ "ಅವ್ವಾ" ಅಂತ ಹುಡುಗನ ದನಿ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದ, ಬೆರಳ ಸಂದಿಯಿಂದ ರಕ್ತ. ಕೈ ತೆಗೆಸಿ ಕಣ್ಣು ನೋಡುವವರೆಗಿನ ಆ ಹೊತ್ತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ದವಾಖಾನೆಯಲ್ಲಿ ಡಾಕ್ಟರು ಚಿಮಟದಲ್ಲಿ ಹಿಡಿದು ತೆಗೆದಿದ್ದು ಅರ್ಧ ಜೋಳದ ಕಾಳಿನಷ್ಟು ಸೀಸದ ಚೂರು. ವೈನಿ ಬೈಯಲಿಲ್ಲ. ಮಗನ ತಲೆ ಸವರುತ್ತಾ, "ಕಣ್ಣು ಹೋಗಿದ್ರ ಏನ್ ಮಾಡ್ತಿದ್ದಿ ತಮ್ಮಾ?" ಅಂತ ಒಂದೇ ಮಾತು ಕೇಳಿದರು.

ಈಗ ನಿಮಗೆ ಹೇಳಬೇಕಾದದ್ದು. ರೈಫಲ್ ನೋಡುವ ಮುಂಚೆ ಗುಂಡು ನಿಲ್ಲಿಸುವ ಜಾಗ ಮಾಡಿ. ಕಲ್ಲು, ಪರಸಿ, ಕಾಂಕ್ರೀಟ್, ಗಟ್ಟಿ ಮರದ ದಿಮ್ಮಿ ಇವು ಯಾವುವೂ ಗುರಿಯ ಹಿಂದೆ ಬೇಡ. ನಾನು ಆಮೇಲೆ ಒಂದು ಪ್ಲೈವುಡ್ ಪೆಟ್ಟಿಗೆ ಮಾಡಿಸಿದೆ, ಒಂದು ಅಡಿ ಆಳ. ಒಳಗೆ ಹಳೆಯ ಸೀರೆ, ಪಂಚೆ, ಚಾದರ ಒತ್ತಿ ಒತ್ತಿ ತುಂಬಿದೆ, ಹಿಂದೆ ಕಬ್ಬಿಣದ ದಪ್ಪ ತಗಡು. ಅದರ ಹಿಂದೆ ಗೊಬ್ಬರದ ಚೀಲಗಳಲ್ಲಿ ಉಸುಕು ತುಂಬಿ ಆಳೆತ್ತರ ಒಟ್ಟಿದೆ. ಇಷ್ಟಕ್ಕೆ ಜಾಗ ಇಲ್ಲ ಅಂದರೆ ನಿಮ್ಮ ಹಿತ್ತಲು ಇದಕ್ಕೆ ಸರಿಯಿಲ್ಲ, ಅಷ್ಟೇ. ತರಬೇತಿ ಕೊಡುವ 10 ಮೀಟರ್ ರೇಂಜಿಗೆ ಹೋಗಿ ಕಲಿಯಿರಿ.

ಜಾಗ ಇದ್ದರೆ ಕಡಿಮೆ ಶಕ್ತಿಯದ್ದು, ದುರ್ಬೀನು ಇಲ್ಲದ ಬರಿಗಣ್ಣಿನ ಗುರಿಯದ್ದು ತಗೊಳ್ಳಿ. ಅಂಗಡಿಯಲ್ಲೇ ನಾಲ್ಕೈದು ಸಲ ಎಳೆದು ನೋಡಿ, ಪ್ರತಿ ಸಲವೂ ಮಾಲೀಕನಿಗೆ ಹೇಳಿ ಗುಂಡು ಹಾಕಿ ಬಿಡಿಸಿಕೊಳ್ಳಿ. ಐದನೆಯ ಸಲ ಕಷ್ಟವಾದರೆ ಅದು ನಿಮ್ಮದಲ್ಲ. ನಳಿಗೆ ಮುಚ್ಚಿದ ಮೇಲೆ ಕೈಯಿಂದ ಅಲುಗಿಸಿ, ಸ್ವಲ್ಪವೂ ಆಡಬಾರದು. ನಳಿಗೆ ತೆರೆದಿದ್ದಾಗ ಒಂದು ಕೈಯಿಂದ ಅದನ್ನು ಬಿಗಿ ಹಿಡಿದೇ ಗುಂಡು ಹಾಕಬೇಕು, ಆ ಹೊತ್ತಿನಲ್ಲಿ ಟ್ರಿಗರ್ ಬಿದ್ದರೆ ನಳಿಗೆ ಬಡಿದು ಬೆರಳು ಜಜ್ಜಿಹೋಗುತ್ತದೆ. ಗುಂಡು ಚಪ್ಪಟೆ ತಲೆಯ ಸೀಸದ್ದೇ ಇರಲಿ, ಕಾಗದದಲ್ಲಿ ದುಂಡಗೆ ತೂತು ಬೀಳುತ್ತದೆ. ಸ್ಟೀಲಿನ ಉಂಡೆ ಬೇಡವೇ ಬೇಡ, ಅದು ಚಪ್ಪಟೆಯಾಗದೆ ಹಾಗೇ ವಾಪಸ್ ಬರುತ್ತದೆ. ಸೀಸ ಮುಟ್ಟಿದ ಕೈ ತೊಳೆಯದೆ ತಿನ್ನಬೇಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಗ್ರೈಂಡಿಂಗ್ ಕನ್ನಡಕ ಹೊಡೆಯುವವರಿಗೂ ಬೇಕು, ನೋಡುವವರಿಗೂ ಬೇಕು. ನೋಡುವವರೆಲ್ಲ ಹೊಡೆಯುವವರ ಹಿಂದೆ ನಿಲ್ಲಬೇಕು, ಅರ್ಧ ಹೆಜ್ಜೆಯೂ ಮುಂದೆ ಬೇಡ.

ಇನ್ನೊಂದು ಮಾತು. ಓಣಿಯ ಹುಡುಗರು "ಪೇರಲಕ್ಕೆ ಗಿಣಿ ಬರ್ತಾವ, ಹೊಡಿರಿ" ಅಂತ ಬಂದರು. ಗಿಣಿಯಾಗಲಿ ನವಿಲಾಗಲಿ ಹೊಡೆಯುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಕಾಯ್ದೆ ಇರದಿದ್ದರೂ ನನ್ನ ಹಿತ್ತಲಿನಲ್ಲಿ ಅದಕ್ಕೆ ಜಾಗ ಇಲ್ಲ. ಹಣ್ಣು ತಿಂದು ಹೋಗಲಿ ಬಿಡಿ.

ಆ 1000ದ್ದನ್ನು ಮಾರಲಿಲ್ಲ, ಇನ್ನೊಬ್ಬರ ಹಿತ್ತಲಿಗೆ ಅದು ಹೋಗುವುದು ಬೇಡ ಅಂತ. ಸ್ಪ್ರಿಂಗ್ ತೆಗೆಸಿ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದೇನೆ. ಕಡಿಮೆ ಶಕ್ತಿಯದ್ದು ಒಂದು ನೋಡಿಟ್ಟಿದ್ದೇನೆ, ಇನ್ನೂ ತಂದಿಲ್ಲ. ವೈನಿ ಹೂಂ ಅನ್ನಬೇಕು.