ಹೊರದೇಶದ ಶೆಲ್ಟರ್‌ನಿಂದ ನಾಯಿ ತರುವವರಿಗೆ: ಚಿಪ್ ಸಂಖ್ಯೆ ನೋಡದೆ ನಾವು ಮೋಸಹೋದ ಬಗೆ

ಹೊರದೇಶದ ಶೆಲ್ಟರ್ ಒಂದರಿಂದ ನಾಯಿಯನ್ನು ದತ್ತು ತರಲು ಈಗಾಗಲೇ ಅರ್ಜಿ ಹಾಕಿ, ಅವರು ಕಳುಹಿಸಿದ ಕಾಗದಪತ್ರಗಳನ್ನು ಫೋನಿನಲ್ಲಿ ಇಟ್ಟುಕೊಂಡು, ಅದು ಬರುವ ದಿನವನ್ನು ಎದುರುನೋಡುತ್ತಿರುವವರು ಇದನ್ನು ಓದುತ್ತಿದ್ದರೆ, ಮುಂದೆ ಓದುವ ಮೊದಲು ಒಂದು ಕೆಲಸ ಮಾಡಿ. ನಾಯಿಯ ಪಾಸ್‌ಪೋರ್ಟಿನಲ್ಲಿರುವ 15 ಅಂಕಿಗಳ ಮೈಕ್ರೋಚಿಪ್ (ಗುರುತಿಗಾಗಿ ಚರ್ಮದಡಿ ಹಾಕುವ ಚಿಪ್) ಸಂಖ್ಯೆಯನ್ನೂ ರಕ್ತಪರೀಕ್ಷೆಯ ವರದಿಯಲ್ಲಿರುವ ಸಂಖ್ಯೆಯನ್ನೂ ಒಂದರ ಕೆಳಗೊಂದು ಬರೆದುಕೊಂಡು, ಒಂದೊಂದೇ ಅಂಕಿಯನ್ನು ಹೋಲಿಸಿ ನೋಡಿ. ನಮ್ಮ ಮನೆಯಲ್ಲಿ ಈ ಕೆಲಸ ಆದದ್ದು ನಾಯಿ ಬಂದು ಐದು ವಾರಗಳಾದ ಮೇಲೆ. ಅದನ್ನೂ ಮಾಡಿದವರು ನಾವಲ್ಲ, ಪಶುವೈದ್ಯೆ.

ನಾವು ನಾಯಿ ತಂದದ್ದು ಮೆಡಿಟರೇನಿಯನ್ ತೀರದ ಒಂದು ದೇಶದಿಂದ. ಶೆಲ್ಟರ್‌ನ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಇಂಥವರು ಹೆಸರು ಬದಲಿಸಿಕೊಳ್ಳಬಲ್ಲರು, ಕೆಲಸ ಮಾಡುವ ರೀತಿ ಮಾತ್ರ ಬದಲಾಗುವುದಿಲ್ಲ. ಕಬ್ಬಿಣದ ಜಾಲರಿಯ ಹಿಂದಿನಿಂದ ಕಿವಿ ಮಡಚಿಕೊಂಡು ನೋಡುತ್ತಿದ್ದ ಕಂದು ಬಣ್ಣದ ಹೆಣ್ಣುನಾಯಿಯೊಂದರ ನಲವತ್ತು ಸೆಕೆಂಡಿನ ವಿಡಿಯೋ ನೋಡಿ ನಾವು ಮನಸ್ಸು ಮಾಡಿಬಿಟ್ಟಿದ್ದೆವು. ಅದಕ್ಕೆ ಅವರಿಟ್ಟ ಹೆಸರು ಲೂನಾ. (ಆಮೇಲೆ ಬೇರೆ ಶೆಲ್ಟರ್‌ಗಳ ಪಟ್ಟಿಗಳನ್ನು ನೋಡಿದಾಗ ಪುಟಕ್ಕೊಂದು ಲೂನಾ ಕಣ್ಣಿಗೆ ಬಿದ್ದವು.) ಮಕ್ಕಳೊಂದಿಗೆ ಚೆನ್ನಾಗಿರುತ್ತದೆ, ಬೆಕ್ಕುಗಳೊಂದಿಗೆ ಹೊಂದಿಕೊಳ್ಳುತ್ತದೆ, ಲಸಿಕೆ ಮತ್ತು ಸಂತಾನಹರಣ ಶಸ್ತ್ರಚಿಕಿತ್ಸೆ ಮುಗಿದಿದೆ, ಎಲ್ಲ ಪರೀಕ್ಷೆಗಳೂ ನೆಗೆಟಿವ್ ಎಂದು ಅದರ ಕೆಳಗೆ ಬರೆದಿತ್ತು. ಆ ಶೆಲ್ಟರ್‌ನಲ್ಲಿ ಮಕ್ಕಳೂ ಇರಲಿಲ್ಲ, ಬೆಕ್ಕುಗಳೂ ಇರಲಿಲ್ಲ. ಹಾಗಿದ್ದರೆ ಈ ಮಾತನ್ನು ಯಾವ ಆಧಾರದ ಮೇಲೆ ಬರೆದರು ಎಂದು ಕೇಳಬೇಕೆನ್ನುವಷ್ಟು ಬುದ್ಧಿ ಆಗ ನಮಗೆ ಇರಲಿಲ್ಲ. ಮನೆಯನ್ನು ಪರಿಶೀಲಿಸುತ್ತೇವೆ ಎಂದವರು ಹತ್ತು ನಿಮಿಷದ ವಿಡಿಯೋ ಕರೆಯಲ್ಲಿ ಸೋಫಾ ಮತ್ತು ಬೇಲಿಯನ್ನು ನೋಡಿ ಮುಗಿಸಿದರು. ಅಷ್ಟು ಸುಲಭವಾಗಿ ಒಪ್ಪಿದರಲ್ಲ ಎಂದು ನಾವು ಸಂತೋಷಪಟ್ಟೆವು. ಅನುಮಾನಪಡಬೇಕಾದದ್ದು ಅಲ್ಲಿಯೇ.

ನಾಯಿಯನ್ನು ಕರೆತಂದವರು ಶೆಲ್ಟರ್‌ನವರಲ್ಲ. ಪ್ರವಾಸಕ್ಕೆ ಹೋಗಿ ಹಿಂದಿರುಗುತ್ತಿದ್ದ ಅಪರಿಚಿತ ಮಹಿಳೆಯೊಬ್ಬರು ತಮ್ಮ ಟಿಕೆಟ್ಟಿನ ಮೇಲೆ, ತಮ್ಮದೇ ಸಾಕುನಾಯಿ ಎಂಬಂತೆ ಅದನ್ನು ವಿಮಾನದಲ್ಲಿ ತಂದರು. ಇದನ್ನು ಸೇವೆ ಎಂದೇ ಎಲ್ಲರೂ ಹೇಳುತ್ತಾರೆ, ಆಕೆಯೂ ಒಳ್ಳೆಯ ಮನಸ್ಸಿನಿಂದಲೇ ಒಪ್ಪಿದ್ದರು. ಆದರೆ ಯುರೋಪಿಯನ್ ಒಕ್ಕೂಟದ ನಿಯಮಗಳ ಪ್ರಕಾರ, ಸ್ವಂತ ಸಾಕುಪ್ರಾಣಿಯ ಪ್ರಯಾಣವೆಂದರೆ ಮಾರಾಟವಾಗಲಿ ಒಡೆತನದ ವರ್ಗಾವಣೆಯಾಗಲಿ ಉದ್ದೇಶವಾಗಿಲ್ಲದ ಪ್ರಯಾಣ. ದತ್ತು ಕೊಡಲೆಂದು ಸಾಗಿಸುವ ನಾಯಿ ಆ ಗುಂಪಿಗೆ ಸೇರುವುದಿಲ್ಲ. ಹೊರಡುವ ಜಾಗ ನೋಂದಣಿಯಾಗಿರಬೇಕು, ಸರ್ಕಾರಿ ಪಶುವೈದ್ಯರು ಪ್ರಮಾಣಪತ್ರ ಕೊಟ್ಟಿರಬೇಕು, ಸಾಗಣೆಯ ವಿವರ ಒಕ್ಕೂಟದ ಟ್ರೇಸಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ದಾಖಲಾಗಿರಬೇಕು. ನಮ್ಮ ನಾಯಿಗೆ ಅಂಥ ದಾಖಲೆ ಇರಲೇ ಇಲ್ಲ. ಮುಂದೆ ತೊಂದರೆಯಾದಾಗ ಯಾವ ದಿನ, ಎಲ್ಲಿಂದ, ಯಾರ ಹೊಣೆಯಲ್ಲಿ ಈ ನಾಯಿ ಹೊರಟಿತು ಎಂದು ಕೇಳಿದವರಿಗೆ ತೋರಿಸಲು ನಮ್ಮ ಕೈಯಲ್ಲಿ ಇದ್ದದ್ದು ಆ ಮಹಿಳೆಯ ಬೋರ್ಡಿಂಗ್ ಪಾಸಿನ ಫೋಟೋ ಒಂದೇ.

ವಿಮಾನ ನಿಲ್ದಾಣದ ವಾಹನ ನಿಲುಗಡೆಯಲ್ಲಿ ಕ್ರೇಟ್‌ನ ಬಾಗಿಲು ತೆರೆದಾಗ ನಾಯಿ ಹೊರಗೆ ಬರಲಿಲ್ಲ. ಹಾಸಿದ್ದ ಬಟ್ಟೆ ಮೂತ್ರದಿಂದ ನೆನೆದಿತ್ತು, ಅದು ಹಿಂಬದಿಯ ಗೋಡೆಗೆ ಬೆನ್ನು ಒತ್ತಿಕೊಂಡು ಕುಳಿತಿತ್ತು, ಕೊರಳಪಟ್ಟಿಯೊಳಗೆ ನನ್ನ ನಾಲ್ಕು ಬೆರಳುಗಳು ಸಲೀಸಾಗಿ ಹೋಗುತ್ತಿದ್ದವು. ಕೈಗೆ ಕೊಟ್ಟ ಹಗ್ಗ ಆ ಪಟ್ಟಿಗೇ ಕಟ್ಟಿತ್ತು. ಒಂದು ಹೆಜ್ಜೆ ಹಿಂದಕ್ಕೆ ಜಗ್ಗಿದ್ದರೆ ತಲೆ ಕಳಚಿಕೊಂಡು ವಾಹನಗಳ ನಡುವೆ ಓಡಿಹೋಗುತ್ತಿತ್ತು. ಕ್ರೇಟನ್ನೇ ಎತ್ತಿ ಕಾರಿನಲ್ಲಿ ಇಟ್ಟುಕೊಂಡು ಬಂದದ್ದರಿಂದ ಉಳಿಯಿತು. ಹೀಗೆ ಬಂದ ನಾಯಿಗಳು ಮೊದಲ ದಿನಗಳಲ್ಲೇ ತಪ್ಪಿಸಿಕೊಳ್ಳುವುದು ಸಾಮಾನ್ಯ. ಬೆನ್ನಿಗೂ ಎದೆಗೂ ಬಿಗಿಯುವ ಹಾರ್ನೆಸ್ ಒಂದು, ಕೊರಳಪಟ್ಟಿ ಒಂದು, ಎರಡಕ್ಕೂ ಬೇರೆ ಬೇರೆ ಹಗ್ಗ, ಇಷ್ಟಿಲ್ಲದೆ ಕ್ರೇಟ್ ತೆರೆಯಬೇಡಿ. ಸಾಧ್ಯವಾದರೆ ಮನೆಯ ಬಾಗಿಲು ಹಾಕಿಕೊಂಡ ಮೇಲೆಯೇ ತೆರೆಯಿರಿ.

ಮನೆಯಲ್ಲಿ ಅದು ಹನ್ನೊಂದು ದಿನ ಬಟ್ಟೆ ಒಗೆಯುವ ಯಂತ್ರದ ಹಿಂದೆ ಕಳೆಯಿತು. ಹೊಸ್ತಿಲು ದಾಟುವುದು, ಮೆಟ್ಟಿಲು ಇಳಿಯುವುದು, ನೆಲದ ನುಣುಪು ಯಾವುದೂ ಅದಕ್ಕೆ ಗೊತ್ತಿರಲಿಲ್ಲ. ಗೋಡೆಗಳ ನಡುವೆ ಬದುಕಿಯೇ ಇರದ ನಾಯಿ ಅದು ಎಂಬುದು ಮೊದಲ ವಾರದಲ್ಲೇ ಸ್ಪಷ್ಟವಾಯಿತು. ಇದಕ್ಕಾಗಿ ನಾನು ಯಾರನ್ನೂ ದೂರುವುದಿಲ್ಲ. ಬೀದಿಯಲ್ಲಿ ಹುಟ್ಟಿ ಶೆಲ್ಟರ್‌ನಲ್ಲಿ ಬೆಳೆದ ನಾಯಿ ಹೀಗಿರಬಹುದೆಂದು ಹೇಳಿದ್ದರೂ ನಾವು ಒಪ್ಪಿಯೇ ತರುತ್ತಿದ್ದೆವು. ಅವರು ಅದನ್ನು ಹೇಳಲಿಲ್ಲ ಎಂಬುದಷ್ಟೇ ನನ್ನ ತಕರಾರು. ನಾವೇನೋ ತಾಳ್ಮೆಯಿಂದ ಇದ್ದೆವು, ಅದೂ ನಿಧಾನವಾಗಿ ಹೊರಬರತೊಡಗಿತು.

ಐದನೆಯ ವಾರ ಮೊದಲ ಬಾರಿಗೆ ಪಶುವೈದ್ಯೆಯ ಬಳಿಗೆ ಒಯ್ದಾಗ ಅವರು ಸ್ಕ್ಯಾನರನ್ನು ಭುಜಗಳ ನಡುವೆ ಆಡಿಸಿ, ಪರದೆಯ ಮೇಲೆ ಮೂಡಿದ ಸಂಖ್ಯೆಯನ್ನು ಗಟ್ಟಿಯಾಗಿ ಓದುತ್ತಾ ಹೋದರು, ನಾನು ಪಾಸ್‌ಪೋರ್ಟಿನಲ್ಲಿ ಬೆರಳಿಟ್ಟು ನೋಡುತ್ತಾ ಹೋದೆ. ಹೊಂದಿತು. ಆಮೇಲೆ ಅವರು ರಕ್ತಪರೀಕ್ಷೆಯ ವರದಿ ಕೇಳಿದರು, ಕೊಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ಯಾವ ನಾಯಿಯದು?" ಎಂದು ಕೇಳಿದರು. ವರದಿಯ ಮೇಲೆ ಲೂನಾ ಎಂದೇ ಇತ್ತು. ಚಿಪ್ ಸಂಖ್ಯೆಯ ಮೊದಲ ಹನ್ನೊಂದು ಅಂಕಿಗಳು ಒಂದೇ ಆಗಿದ್ದವು, ಕೊನೆಯ ನಾಲ್ಕು ಬೇರೆಯಾಗಿದ್ದವು. ಒಂದೇ ಪೆಟ್ಟಿಗೆಯ ಚಿಪ್‌ಗಳನ್ನು ಸಾಲಾಗಿ ಹಾಕಿದಾಗ ಆರಂಭದ ಅಂಕಿಗಳು ಹೀಗೆ ಒಂದೇ ಆಗಿರುತ್ತವೆ, ಆದ್ದರಿಂದ ಮೇಲುನೋಟಕ್ಕೆ ಯಾರಿಗೂ ವ್ಯತ್ಯಾಸ ಕಾಣುವುದಿಲ್ಲ. ಮೊದಲ ಮೂರು ಅಂಕಿಗಳನ್ನು ನೋಡಿ ದೇಶವನ್ನು ಗುರುತಿಸುತ್ತೇನೆ ಎನ್ನುವವರಿಗೂ ಒಂದು ಮಾತು: 900ಕ್ಕಿಂತ ಕೆಳಗಿನದಾದರೆ ಅದು ದೇಶದ ಸಂಕೇತ, 900ರಿಂದ ಮೇಲಿನದಾದರೆ ತಯಾರಕರದು, ಎರಡನೆಯದರಿಂದ ನಾಯಿ ಎಲ್ಲಿಯದೆಂದು ತಿಳಿಯುವುದಿಲ್ಲ. ಶೆಲ್ಟರ್‌ಗೆ ಬರೆದು ಕೇಳಿದಾಗ, ಟೈಪು ಮಾಡುವಾಗ ಆದ ತಪ್ಪು ಎಂದು ಒಂದು ಸಾಲಿನ ಉತ್ತರ ಬಂತು. ನಾಲ್ಕಕ್ಕೆ ನಾಲ್ಕೂ ಅಂಕಿಗಳು ತಪ್ಪಾಗುವ ಟೈಪಿಂಗ್ ಎಂಥದೋ.

ವರದಿ ನಮ್ಮ ನಾಯಿಯದೇ ಆಗಿದ್ದರೂ ಅದರಿಂದ ಹೆಚ್ಚಿನ ಪ್ರಯೋಜನವಿರಲಿಲ್ಲ ಎಂದು ಆ ದಿನವೇ ತಿಳಿಯಿತು. ಅದು ಸ್ನ್ಯಾಪ್ 4ಡಿಎಕ್ಸ್ ಎಂಬ ಕಿಟ್‌ನಿಂದ ಮಾಡಿದ ಪರೀಕ್ಷೆ. ಕಿಟ್ ಒಳ್ಳೆಯದೇ, ಆದರೆ ಅದು ನೋಡುವುದು ಹಾರ್ಟ್‌ವರ್ಮ್ ಎಂಬ ಹೃದಯದ ಹುಳು ಮತ್ತು ರಕ್ತ ಹೀರುವ ಉಣ್ಣೆಗಳಿಂದ ಬರುವ ಎರ್ಲಿಕಿಯಾ, ಅನಪ್ಲಾಸ್ಮಾ, ಲೈಮ್ ಸೋಂಕುಗಳನ್ನು ಮಾತ್ರ. ಮೆಡಿಟರೇನಿಯನ್ ತೀರದ ನಾಯಿಗಳಲ್ಲಿ ಮುಖ್ಯವಾಗಿ ನೋಡಬೇಕಾದ, ಮರಳುನೊಣದ ಕಡಿತದಿಂದ ಬರುವ ಲೀಶ್ಮೇನಿಯಾ ಎಂಬ ಪರಾವಲಂಬಿಯ ಸೋಂಕು ಅದರಲ್ಲಿಲ್ಲ. ಪೂರ್ವ ಯುರೋಪಿನಿಂದ, ಅದರಲ್ಲೂ ರೊಮೇನಿಯಾದಿಂದ ತರುವ ನಾಯಿಗಳಲ್ಲಿ ನೋಡಲೇಬೇಕಾದ ಬ್ರುಸೆಲ್ಲಾ ಕ್ಯಾನಿಸ್ ಕೂಡ ಅದರಲ್ಲಿಲ್ಲ. ಈ ಬ್ಯಾಕ್ಟೀರಿಯಾ ಮನುಷ್ಯರಿಗೂ ಹರಡಬಲ್ಲದು, ನಾಯಿಯ ದೇಹದಿಂದ ಅದನ್ನು ಪೂರ್ತಿ ತೊಲಗಿಸುವ ಖಚಿತ ಚಿಕಿತ್ಸೆ ಇಲ್ಲ, ಸಂತಾನಹರಣ ಶಸ್ತ್ರಚಿಕಿತ್ಸೆಯಾಗಿದ್ದರೆ ಹರಡುವ ಅಪಾಯ ತಗ್ಗುತ್ತದೆಯೇ ಹೊರತು ಸೋಂಕು ಹೋಗುವುದಿಲ್ಲ. ಆದ್ದರಿಂದ "ಎಲ್ಲ ನೆಗೆಟಿವ್" ಎಂದು ಯಾರಾದರೂ ಬರೆದರೆ, ಯಾವ ಯಾವ ರೋಗಗಳಿಗೆ, ಯಾವ ಪ್ರಯೋಗಾಲಯದಲ್ಲಿ, ಯಾವ ತಾರೀಖಿನಂದು ಎಂದು ಕೇಳಿ. ತಾರೀಖಿಗೆ ಯಾಕೆ ಇಷ್ಟು ಮಹತ್ವವೆಂದರೆ, ಸೋಂಕು ತಗುಲಿದ ನಂತರ ಸುಮಾರು ಆರು ತಿಂಗಳವರೆಗೆ ಹಾರ್ಟ್‌ವರ್ಮ್ ಪರೀಕ್ಷೆಯಲ್ಲಿ ಸಿಗದೇ ಹೋಗಬಹುದು. ಲೀಶ್ಮೇನಿಯಾ ಅಂತೂ ಕೆಲವು ತಿಂಗಳಿಂದ ಕೆಲವು ವರ್ಷಗಳವರೆಗೆ ಲಕ್ಷಣವಿಲ್ಲದೆ ದೇಹದಲ್ಲಿ ಕುಳಿತಿರಬಲ್ಲದು. ಹೊರಡುವ ಮುನ್ನ ಒಮ್ಮೆ, ಬಂದ ಆರು ತಿಂಗಳಿಗೆ ಇನ್ನೊಮ್ಮೆ ಪರೀಕ್ಷೆ ಮಾಡಿಸುವುದು ಇದಕ್ಕಾಗಿಯೇ.

ನಮಗೆ ಆರು ತಿಂಗಳು ಕಾಯುವ ಪ್ರಸಂಗ ಬರಲಿಲ್ಲ. ನಾಲ್ಕನೆಯ ತಿಂಗಳಲ್ಲಿ ಕಣ್ಣುಗಳ ಸುತ್ತ ಕೂದಲು ಉದುರಿ, ಚರ್ಮ ಹೊಟ್ಟಿನಂತೆ ಏಳತೊಡಗಿತು. ಉಗುರುಗಳು ಎಷ್ಟು ಕತ್ತರಿಸಿದರೂ ಕೊಕ್ಕೆಯಂತೆ ಬೆಳೆಯುತ್ತಿದ್ದವು. ಒಂದು ಬೆಳಿಗ್ಗೆ ಅದರ ಹಾಸಿಗೆಯ ಮೇಲೆ ರಕ್ತದ ಹನಿಗಳಿದ್ದವು. ಮೂಗಿನ ಒಂದೇ ಹೊಳ್ಳೆಯಿಂದ ರಕ್ತ ಸುರಿಯುತ್ತಿತ್ತು. ನಾವಿರುವುದು ಮರಳುನೊಣವೇ ಇಲ್ಲದ ಚಳಿದೇಶದಲ್ಲಿ, ಇಲ್ಲಿಯ ಹೆಚ್ಚಿನ ಪಶುವೈದ್ಯರಿಗೆ ಈ ರೋಗದ ಅನುಭವ ಕಡಿಮೆ. ಚರ್ಮದ ಅಲರ್ಜಿ ಇರಬಹುದೆಂದು ಎರಡು ವಾರ ಕಳೆದುಹೋದ ಮೇಲೆ, ನಾಯಿ ಎಲ್ಲಿಂದ ಬಂದಿತೆಂಬುದನ್ನು ನೆನಪಿಸಿಕೊಂಡು ಅದೇ ವೈದ್ಯೆ ರಕ್ತದ ಮಾದರಿ ಕಳುಹಿಸಿದರು. ಲೀಶ್ಮೇನಿಯಾ ವಿರುದ್ಧದ ಪ್ರತಿಕಾಯಗಳ ಮಟ್ಟ ತೀರಾ ಹೆಚ್ಚಿತ್ತು, ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿತ್ತು. ಈ ರೋಗದಲ್ಲಿ ನಾಯಿಗಳ ಜೀವ ತೆಗೆಯುವುದು ಬಹುಪಾಲು ಮೂತ್ರಪಿಂಡದ ವೈಫಲ್ಯವೇ.

ಈ ರೋಗಕ್ಕೆ ಕೊಡುವ ಆಂಟಿಮನಿ ಚುಚ್ಚುಮದ್ದು ಮೂತ್ರಪಿಂಡಕ್ಕೆ ಭಾರವಾದೀತೆಂದು, ಅದರ ಬದಲು 28 ದಿನ ಮಿಲ್ಟೆಫೋಸಿನ್ ದ್ರವವನ್ನು ಆಹಾರದಲ್ಲಿ ಬೆರೆಸಿ ಕೊಟ್ಟೆವು. ಗರ್ಭಿಣಿಯರು ಆ ಔಷಧವನ್ನು ಮುಟ್ಟಬಾರದು, ಕೊಡುವವರು ಕೈಗವಸು ಹಾಕಿಕೊಳ್ಳಬೇಕು ಎಂದು ವೈದ್ಯೆ ಮೂರು ಸಲ ಹೇಳಿ ಕಳುಹಿಸಿದರು. ಪರಾವಲಂಬಿ ಹೆಚ್ಚದಂತೆ ತಡೆಯುವ, ದಿನಕ್ಕೆರಡು ಹೊತ್ತಿನ ಅಲೋಪ್ಯೂರಿನಾಲ್ ಮಾತ್ರೆ ಈಗಲೂ ನಡೆಯುತ್ತಿದೆ, ಬಹುಶಃ ಇರುವಷ್ಟು ಕಾಲ ನಡೆಯುತ್ತದೆ. ಆ ಮಾತ್ರೆ ಮೂತ್ರದಲ್ಲಿ ಕ್ಸಾಂಥಿನ್ ಕಲ್ಲುಗಳನ್ನು ಉಂಟುಮಾಡಬಲ್ಲದಾದ್ದರಿಂದ ಅದರ ಮೇಲೂ ಕಣ್ಣಿಡಬೇಕು. ವಿಮೆಯವರು ಇದು ಪಾಲಿಸಿಗಿಂತ ಮೊದಲೇ ಇದ್ದ ಕಾಯಿಲೆಯೆಂದು ಕೈಬಿಟ್ಟರು. ಅವರ ಮಾತಿನಲ್ಲಿ ತಪ್ಪು ಹುಡುಕುವುದೂ ಕಷ್ಟ.

ದತ್ತು ಕರಾರಿನಲ್ಲಿ, ಯಾವುದೇ ಸಂದರ್ಭದಲ್ಲಿ ನಾಯಿಯನ್ನು ಹಿಂದಕ್ಕೆ ಪಡೆಯುತ್ತೇವೆ ಎಂಬ ಸಾಲಿತ್ತು. ಅದನ್ನು ಉಲ್ಲೇಖಿಸಿ ಬರೆದಾಗ, ನಿಮ್ಮ ಖರ್ಚಿನಲ್ಲಿ ವಿಮಾನದಲ್ಲಿ ಕಳುಹಿಸಿ ಎಂದರು. ನಮಗೆ ಹಿಂದಿರುಗಿಸುವ ಮನಸ್ಸು ಇರಲಿಲ್ಲ, ಚಿಕಿತ್ಸೆಯಲ್ಲಿ ಪಾಲು ಕೇಳುವುದಷ್ಟೇ ಉದ್ದೇಶವಾಗಿತ್ತು. ಆದರೆ ಅದೇ ಕರಾರಿನ ಮೂರನೆಯ ಪುಟದಲ್ಲಿ ನಾಯಿಯ ಒಡೆತನ ಶೆಲ್ಟರ್‌ನಲ್ಲಿಯೇ ಉಳಿಯುತ್ತದೆ, ಆರೈಕೆಯ ವೆಚ್ಚ ಪೂರ್ತಿ ದತ್ತುದಾರರದು ಎಂದೂ ಬರೆದಿತ್ತು. ನಾನೇ ಸಹಿ ಹಾಕಿದ್ದೆ. ಚಿಪ್ ನೋಂದಣಿ ಕೂಡ ಇಂದಿಗೂ ಅವರ ಹೆಸರಿನಲ್ಲಿಯೇ ಇದೆ. ನಿಮ್ಮ ದೇಶದಲ್ಲಿಯೇ ನೋಂದಣಿಯಾಗಿ, ನಾಯಿ ಹೊಂದಿಕೊಳ್ಳದಿದ್ದರೆ ಇಲ್ಲಿಯೇ ಕರೆದೊಯ್ದು ಇಟ್ಟುಕೊಳ್ಳುವ ಜಾಗವಿರುವ ಸಂಸ್ಥೆಗಳೂ ಇವೆ, ಅವುಗಳ ಮೂಲಕ ನಾಯಿ ತಂದು ನೆಮ್ಮದಿಯಾಗಿರುವವರನ್ನು ನಾನು ಬಲ್ಲೆ. ಆ ಜಾಗವನ್ನು ಹೋಗಿ ಕಣ್ಣಾರೆ ನೋಡಿದ ಮೇಲೆಯೇ ಮಾತು ಮುಂದುವರಿಸಿ.

ಇದು ಒಬ್ಬರ ಮನೆಯ ಕಷ್ಟ ಮಾತ್ರ ಎಂದುಕೊಳ್ಳುವವರಿಗಾಗಿ ರೇಬೀಸಿನ ವಿಷಯವನ್ನೂ ಹೇಳುತ್ತೇನೆ. 2021ರ ಜೂನ್‌ನಲ್ಲಿ ಅಜರ್ಬೈಜಾನ್‌ನಿಂದ ಷಿಕಾಗೊಗೆ ದತ್ತು ಕೊಡಲೆಂದು ತಂದ 33 ನಾಯಿಗಳಲ್ಲಿ ಒಂದಕ್ಕೆ, ಅದು ಪೆನ್ಸಿಲ್ವೇನಿಯಾದ ಮನೆಯೊಂದನ್ನು ಸೇರಿದ ಮೇಲೆ, ರೇಬೀಸ್ ಇರುವುದು ಪತ್ತೆಯಾಯಿತು. ಲಸಿಕೆಯ ಪ್ರಮಾಣಪತ್ರ ಅದಕ್ಕೂ ಇತ್ತು. ಅದೇ ವರ್ಷದ ಜುಲೈನಲ್ಲಿ ಅಮೆರಿಕ ನೂರಕ್ಕೂ ಹೆಚ್ಚು ದೇಶಗಳ ನಾಯಿಗಳನ್ನು ತರುವುದನ್ನು ತಾತ್ಕಾಲಿಕವಾಗಿ ತಡೆಯಿತು, 2024ರ ಆಗಸ್ಟ್ 1ರಿಂದ ಆರು ತಿಂಗಳು ತುಂಬದ ಅಥವಾ ಚಿಪ್ ಇಲ್ಲದ ನಾಯಿಗೆ ಅಲ್ಲಿ ಪ್ರವೇಶವಿಲ್ಲ. ರೇಬೀಸ್ ಅಪಾಯ ಹೆಚ್ಚಿರುವ ದೇಶಗಳಿಂದ ದತ್ತು ಕೊಡಲೆಂದು ನಾಯಿ ತರುವುದನ್ನು ಕೆನಡಾ 2022ರ ಸೆಪ್ಟೆಂಬರ್ 28ರಿಂದ ನಿಷೇಧಿಸಿದೆ. ಯುರೋಪಿನ ನಿಯಮದಲ್ಲಿ ಚಿಪ್ ಹಾಕಿದ ಮೇಲೆ, ಕನಿಷ್ಠ 12 ವಾರ ತುಂಬಿದ ನಂತರ ಲಸಿಕೆ, ಅದಾದ ಮೇಲೆ 21 ದಿನ ಕಾಯುವಿಕೆ. ಅಂದರೆ ಈ ಲೆಕ್ಕದಲ್ಲಿ 15 ವಾರಕ್ಕಿಂತ ಚಿಕ್ಕ ಮರಿ ಹೊರಡುವಂತಿಲ್ಲ. ಎಂಟು ವಾರದ ಮರಿಯನ್ನು ಮುಂದಿನ ವಾರವೇ ಕಳುಹಿಸುತ್ತೇವೆ ಎನ್ನುವವರ ಬಳಿ ಮತ್ತೇನನ್ನೂ ಕೇಳುವ ಅಗತ್ಯವಿಲ್ಲ.

ನಾಯಿ ಈಗ ನಮ್ಮಲ್ಲಿಯೇ ಇದೆ. ಹಳೆಯ ಹೆಸರಿಗೆ ಅದು ಯಾವತ್ತೂ ತಿರುಗಿ ನೋಡಿರಲಿಲ್ಲ, ಹೊಸದಕ್ಕೆ ನೋಡುತ್ತದೆ. ನನ್ನನ್ನು ಕಾಡುತ್ತಿರುವುದು ಆ ವರದಿ. ಕೊನೆಯ ನಾಲ್ಕು ಅಂಕಿ ಬೇರೆಯಿರುವ ಆ ಚಿಪ್ ಹೊತ್ತ ನಾಯಿಯೊಂದು ಎಲ್ಲಿಯೋ ಒಂದು ಮನೆಯಲ್ಲಿ ಇದೆ. ನಮ್ಮ ನಾಯಿಯ ಹೆಸರಿನಲ್ಲಿ ಅದರ ಕಾಗದ ನಮಗೆ ಬಂದಿದೆಯೆಂದರೆ, ಅದರ ಹೆಸರಿನಲ್ಲಿ ಯಾವ ನಾಯಿಯ ಕಾಗದ ಆ ಮನೆಗೆ ಹೋಗಿದೆಯೋ ಗೊತ್ತಿಲ್ಲ. ಆ ಮನೆಯವರಿಗೆ ತಿಳಿಸಿ ಎಂದು ಶೆಲ್ಟರ್‌ಗೆ ಮೂರು ಸಲ ಬರೆದಿದ್ದೇನೆ. ಮೂರನೆಯ ಪತ್ರ ತಲುಪಲೇ ಇಲ್ಲವೆಂದು ಹಿಂದಿರುಗಿ ಬಂತು.